ಜಪಾನಿನ ಹುಳದ ಮನೆಯಲ್ಲೊಂದು ಸುಳ್ಳು

ನಾನು ಸುಳ್ಳುಗಾರ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದ್ದು ಹೇಳುವುದು ಸುಲಭ. ಹಾಗಂತ ಮನೆ ಮುಳುಗಿಸುವಂಥ ದೊಡ್ಡ ಸುಳ್ಳು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ನನ್ನದೇನಿದ್ದರೂ ಚಿಲ್ಲರೆ ವ್ಯಾಪಾರ. ‘ಬಂದೆ, ದಾರೀಲಿದೀನಿ’ ಅಂತ ಫೋನಿನಲ್ಲಿ ಹೇಳುವಾಗ ನನ್ನ ಬಾಯಲ್ಲಿ ಇನ್ನೂ ಹಲ್ಲುಜ್ಜುವ ಬ್ರಷ್ ಇರುತ್ತದೆ. ‘ಮದುವೆಗೆ ಬರಬೇಕು ಅಂತಲೇ ಹೊರಟಿದ್ದೆ, ಬಸ್ಸು ಸಿಗಲಿಲ್ಲ’ ಅನ್ನುವಾಗ ಆ ಮದುವೆಯ ತಾರೀಖೇ ನನಗೆ ಮರೆತಿರುತ್ತದೆ. ನನ್ನ ಹೆಂಡತಿ ರತ್ನ ಇದನ್ನೆಲ್ಲ ಚೆನ್ನಾಗಿ ಬಲ್ಲವಳು. ‘ನೀವು ಚನ್ನಪಟ್ಟಣ ಬುಟ್ಟೆ ಅಂದ್ರೆ ಇನ್ನೂ ಕಾಲಿಗೆ ಚಪ್ಪಲಿ ಹಾಕಿಲ್ಲ ಅಂತ ಲೆಕ್ಕ’ ಅನ್ನುತ್ತಿದ್ದಳು. ಇಂಥ ನಾನು ಹೋದ ವರ್ಷ ಅಷ್ಟು ದೂರ ವಿಮಾನದಲ್ಲಿ ಹೋಗಿ ಜಪಾನಿನಲ್ಲೂ ಒಂದು ಸುಳ್ಳು ಹೇಳಿ ಬಂದೆ. ಇಲ್ಲಿ ಹೇಳಿದ್ದೆಲ್ಲ ಒಂದು ತೂಕವಾದರೆ ಅದೊಂದೇ ಒಂದು ತೂಕ.

ನಾನು ರೇಷ್ಮೆ ಪ್ರದರ್ಶಕನಾಗಿ ನಿವೃತ್ತನಾದವನು. ಊರೂರು ತಿರುಗಿ, ರೇಷ್ಮೆ ಹುಳ ಹೇಗೆ ಸಾಕಬೇಕು ಅಂತ ರೈತರಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಹೇಳಿಕೊಡುವವನು ನಾನು, ಸಾಕುವವಳು ಮನೆಯಲ್ಲಿ ರತ್ನ. ನಮ್ಮೂರು ಅಕ್ಕೂರು, ಮನೆಯ ಹಿಂದೆ ಒಂದೆಕರೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳದ ಮನೆ. ನಾನು ಸಾತನೂರಿನಲ್ಲಿ ತೇವಾಂಶದ ಬಗ್ಗೆ ಭಾಷಣ ಬಿಗಿಯುತ್ತಿದ್ದ ಹೊತ್ತಿಗೆ ಅವಳಿಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿರುತ್ತಿದ್ದಳು. ನನ್ನ ಭಾಷಣದ ಮುಕ್ಕಾಲು ಪಾಲು ಅವಳನ್ನು ನೋಡಿ ಕದ್ದದ್ದು. ಒಂದು ವಿಷಯದಲ್ಲಿ ಮಾತ್ರ ಜಗಳ. ಹುಳದ ಮನೆಯೊಳಗೆ ಸಾವಿನ ಮಾತು ಆಡಬಾರದು ಅನ್ನುವುದು ನಮ್ಮ ಕಡೆಯ ಕಟ್ಟುಪಾಡು. ಹುಳ ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಅಲ್ಲಿ ಜೋರಾಗಿ ಕೆಮ್ಮಿದರೂ ಗದರುತ್ತಾರೆ. ಇದು ಮೂಢನಂಬಿಕೆ ಅಂತ ಮೂವತ್ತು ವರ್ಷ ಮೈಕಿನಲ್ಲಿ ಹೇಳಿದವನು ನಾನು. ರತ್ನ ಒಪ್ಪಲಿಲ್ಲ. ‘ನಿಮ್ಮ ಮೈಕು ರೋಡಲ್ಲಿ ಮಡಿಕ್ಕಳಿ. ಒಳೀಕೆ ಬಂದ್ರೆ ಬಾಯಿ ಮುಚ್ಕಂಡಿರಿ’ ಅನ್ನುತ್ತಿದ್ದಳು. ನಾನು ಮುಚ್ಚಿಕೊಂಡಿರುತ್ತಿದ್ದೆ.

ಇಪ್ಪತ್ತೈದು ವರ್ಷದ ಕೆಳಗೆ, ಬಿಳಿ ಗೂಡಿನ ತಳಿ ಸಾಕುವುದನ್ನು ಕಲಿಸಲು ಜಪಾನಿನಿಂದ ಒಬ್ಬ ಹೆಂಗಸು ಬಂದಿದ್ದರು. ಹೆಸರು ಹರುಕೋ, ಊರವರ ಬಾಯಲ್ಲಿ ಜಪಾನಮ್ಮ. ಎರಡು ವರ್ಷ ಚನ್ನಪಟ್ಟಣದಲ್ಲಿ ಮನೆ ಮಾಡಿಕೊಂಡು, ವಾರಕ್ಕೆರಡು ಸಲ ನಮ್ಮ ಹುಳದ ಮನೆಗೆ ಬರುತ್ತಿದ್ದರು. ಅವರು ಜಪಾನಿಯಲ್ಲಿ ಮಾತಾಡುವುದು, ರತ್ನ ಅಕ್ಕೂರಿನ ಕನ್ನಡದಲ್ಲಿ ಉತ್ತರ ಕೊಡುವುದು, ಇಬ್ಬರೂ ನಗುವುದು. ನಡುವೆ ಇಂಗ್ಲಿಷ್ ಹಿಡಿದುಕೊಂಡು ನಿಂತ ನನ್ನನ್ನು ಇಬ್ಬರೂ ಸೇರಿ ಸೊಪ್ಪು ತರಲು ಕಳಿಸುತ್ತಿದ್ದರು. ‘ಭಾಷೆ ಯಾಕೆ ಬೇಕು? ಹುಳ ಮುಟ್ಟೋ ಕೈ ನೋಡುದ್ರೆ ಗೊತ್ತಾಯ್ತದೆ’ ಅಂತ ರತ್ನನ ವಾದ. ಹುಳ ಇದ್ದಷ್ಟು ದಿನ ರತ್ನ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಅದಕ್ಕೆ ಜಪಾನಮ್ಮನಿಗೆ ಮಾತ್ರ ಕೋಪ ಬರುತ್ತಿತ್ತು, ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ವಾಪಸು ಹೋಗುವ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಅತ್ತದ್ದನ್ನು ನೋಡಿ ಕಂಡಕ್ಟರು ಸೀಟಿ ಊದುವುದನ್ನೇ ಮರೆತ.

ಹೋದ ವರ್ಷ ಮಾಘ ಮಾಸದಲ್ಲಿ ಒಂದು ಬೆಳಗ್ಗೆ ರತ್ನ ಹುಳಕ್ಕೆ ಸೊಪ್ಪು ಹಾಕಿ ಬಂದು ನನಗೆ ಫೋನ್ ಮಾಡಿದಳು. ‘ಎದೆ ಒಸಿ ಹಿಡ್ಕಂಡಂಗೈತೆ, ಬೇಗ ಬನ್ನಿ.’ ನಾನು ಊರ ಮುಂದಿನ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತಿದ್ದೆ. ‘ಬಂದೆ, ದಾರೀಲಿದೀನಿ’ ಅಂದೆ. ಅಂದು, ಲೋಟದಲ್ಲಿದ್ದ ಟೀ ಮುಗಿಸಿದೆ. ಪಕ್ಕದವನ ಜೊತೆ ಒಂದೆರಡು ಮಾತಾಡಿದೆ. ನಾನು ಮನೆ ಮುಟ್ಟುವಷ್ಟರಲ್ಲಿ ಅಕ್ಕಪಕ್ಕದವರು ಅವಳನ್ನು ಆಟೋದಲ್ಲಿ ಮಲಗಿಸಿದ್ದರು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ತಲೆ ಅಲ್ಲಾಡಿಸಿದರು. ಬೇಗ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಆಮೇಲೆ ಎಲ್ಲರೂ ಹೇಳಿದರು. ಅದು ನಿಜವೋ, ಅವರೂ ನನ್ನ ಹಾಗೆ ಚಿಲ್ಲರೆ ವ್ಯಾಪಾರ ಮಾಡಿದರೋ ಗೊತ್ತಿಲ್ಲ. ಈ ಟೀ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಕನಕಪುರಕ್ಕೆ ಕೊಟ್ಟಿರುವ ಮಗಳಿಗೂ ಸಹ.

ಜಪಾನಮ್ಮನಿಗೆ ತಿಳಿಸಬೇಕು ಅಂತ ಎಷ್ಟೋ ಸಲ ಕಾಗದ ಹಿಡಿದು ಕೂತೆ. ಆದರೆ ಸತ್ತ ಸುದ್ದಿ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲವಲ್ಲ, ಓದಿದವರು ‘ಅಯ್ಯೋ, ಹೇಗಾಯ್ತು?’ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಕಾಗದ ಮಡಚಿಟ್ಟೆ. ಅಷ್ಟರಲ್ಲಿ ನಮ್ಮ ಕಡೆಯ ರೇಷ್ಮೆ ಬೆಳೆಗಾರರ ಒಂದು ತಂಡ ಜಪಾನ್ ಪ್ರವಾಸಕ್ಕೆ ಹೊರಟಿತು. ಎದುರಿಗೆ ನಿಂತು ಹೇಳಿಬಿಡೋಣ, ಅದೇ ಮರ್ಯಾದೆ ಅಂತ ನಾನೂ ಹೆಸರು ಕೊಟ್ಟೆ. ರಾಮನಗರದ ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿದ ತಿಪ್ಪಸಂದ್ರದ ಕೆಂಪಯ್ಯ, ‘ಈ ಟೇಮಲ್ಲಿ ನಿನ್ನೊಬ್ಬನ್ನೇ ಕಳ್ಸಕಾಯ್ತದೇನ್ಲಾ? ನಾನೂ ಬತ್ತೀನಿ’ ಅಂತ ಹಿಂದೆ ಬಿದ್ದ. ಅವನೂ ಹುಳ ಸಾಕುವವನೇ.

ಕೆಂಪಯ್ಯನ ಜೊತೆ ಜಪಾನ್ ನೋಡುವುದೇ ಒಂದು ಪುಣ್ಯ. ಟೋಕಿಯೋದಲ್ಲಿ ಬುಲೆಟ್ ಟ್ರೇನಿಗೆ ಕಾಯುತ್ತಿದ್ದೆವು. ದೂರದಲ್ಲಿ ಅದರ ಮೂತಿ ಕಂಡದ್ದೇ ತಡ, ಕೆಂಪಯ್ಯ ಮುಂದೆ ಹೋಗಿ, ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಹಿಡಿಯುವ ಹಾಗೆ ಕೈ ಅಡ್ಡ ಹಿಡಿದ. ಟ್ರೇನು ಬಂದು ಅವನ ಮುಂದೆಯೇ ನಿಂತು ಬಾಗಿಲು ತೆಗೆಯಿತು. ‘ನೋಡ್ದೇನ್ಲಾ? ಮರ್ಯಾದೆ ಗೊತ್ತಿರೋ ಡ್ರೈವರು’ ಅಂದ. ಹೋಟೆಲಿನಲ್ಲಿ ಹಸಿ ಮೀನು ತಂದಿಟ್ಟಾಗ ‘ಪಾಪ, ಇವ್ರಿಗೆ ಬೇಯ್ಸಕೂ ಪುರುಸೊತ್ತಿಲ್ವಾ?’ ಅಂತ ಮರುಗಿದ. ಅಲ್ಲಿ ಬಿಸಿನೀರಿನ ಬುಗ್ಗೆಗಳಲ್ಲಿ ಗಂಡಸರೆಲ್ಲ ಒಟ್ಟಿಗೆ, ಬರೀ ಮೈಯಲ್ಲಿ ಸ್ನಾನ ಮಾಡುತ್ತಾರೆ. ಕೆಂಪಯ್ಯ ತನ್ನ ಪಟ್ಟಾಪಟ್ಟಿ ಚಡ್ಡಿಯ ಲಾಡಿ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಅಲ್ಲಿದ್ದ ಮುದುಕರೊಬ್ಬರು ಬಗ್ಗಿ ನಮಸ್ಕರಿಸಿದರು. ಇವನೂ ಬಗ್ಗಿದ. ಅವರು ಮತ್ತೆ ಬಗ್ಗಿದರು, ಇವನು ಇನ್ನೂ ಕೆಳಕ್ಕೆ ಬಗ್ಗಿದ. ಹೀಗೇ ನಡೆದು, ಕೊನೆಗೆ ಸ್ನಾನವನ್ನೇ ಮಾಡದೆ ಬರೀ ನಮಸ್ಕಾರ ಮಾಡಿ ಬಂದ. ಇಂಥದ್ದು ನಡೆದಾಗೆಲ್ಲ ರತ್ನನಿಗೆ ಹೇಳಬೇಕು ಅಂತ ನನ್ನ ಕೈ ಜೇಬಿಗೆ ಹೋಗುತ್ತಿತ್ತು. ಫೋನು ಹೊರಗೆ ತೆಗೆದ ಮೇಲೆ ನೆನಪಾಗುತ್ತಿತ್ತು. ಸುಮ್ಮನೆ ಟೈಮು ನೋಡಿ ಮತ್ತೆ ಜೇಬಿಗಿಡುತ್ತಿದ್ದೆ. ‘ಅದೆಷ್ಟು ಸಲ ಟೈಮ್ ನೋಡ್ತೀಯಲಾ’ ಅಂದ ಕೆಂಪಯ್ಯ, ನನ್ನ ಮುಖ ನೋಡಿ ನನ್ನ ಬ್ಯಾಗನ್ನೂ ತಾನೇ ಎತ್ತಿಕೊಂಡ.

ಐದನೇ ದಿನ ನಾವಿಬ್ಬರೂ ತಂಡ ಬಿಟ್ಟು, ಒಬ್ಬ ದುಭಾಷಿ ಹುಡುಗಿಯ ಕೈಲಿ ‘ಬರುತ್ತಿದ್ದೇವೆ’ ಅಂತ ಫೋನ್ ಮಾಡಿಸಿ, ಅವಳನ್ನೇ ಕರೆದುಕೊಂಡು ಜಪಾನಮ್ಮನ ಊರಿಗೆ ಹೋದೆವು. ಬೆಟ್ಟದ ಬುಡದ ಸಣ್ಣ ಹಳ್ಳಿ. ಆ ಊರಲ್ಲಿ ಈಗ ಹುಳ ಸಾಕುವವರು ಅವರೊಬ್ಬರೇ. ಗೇಟಿನ ಹತ್ತಿರವೇ ವಿಷಯ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆದರೆ ಗೇಟಿನಲ್ಲಿ ಯಾರೂ ಇರಲಿಲ್ಲ. ಹಿತ್ತಲಿನ ಹುಳದ ಮನೆಯಿಂದ ‘ಬನ್ನಿ, ಬನ್ನಿ!’ ಅಂತ ಕನ್ನಡದಲ್ಲೇ ಕೂಗು ಬಂತು. ಚಪ್ಪಲಿ ಬಿಟ್ಟು ಒಳಗೆ ಹೋದರೆ, ಎಂಬತ್ತರ ಹತ್ತಿರದ ಜಪಾನಮ್ಮ ಕುಕ್ಕರಗಾಲಿನಲ್ಲಿ ಕೂತು ಹಣ್ಣಾದ ಹುಳ ಆರಿಸುತ್ತಿದ್ದರು. ತಟ್ಟೆ ತುಂಬ ಹುಳ, ಮೈಯೆಲ್ಲ ಪಾರದರ್ಶಕವಾಗಿ, ತಲೆ ಮೇಲಕ್ಕೆತ್ತಿ ಗೂಡಿಗೆ ಜಾಗ ಹುಡುಕುತ್ತಿವೆ. ಅವರು ನನ್ನನ್ನು ನೋಡಿ ನಕ್ಕು, ನನ್ನ ಬೆನ್ನ ಹಿಂದೆ ಬಾಗಿಲ ಕಡೆ ಕತ್ತು ಚಾಚಿ ನೋಡಿ, ‘ರತ್ನಾ ಸಾನ್?’ ಅಂದರು. ಸಾನ್ ಅಂದರೆ ನಮ್ಮ ‘ಅವರು’ ಅಂದ ಹಾಗೆ. ಆಮೇಲೆ ಜಪಾನಿಯಲ್ಲಿ ಏನೋ ಕೇಳಿದರು. ‘ಅವರು ಬರಲಿಲ್ಲವೇ, ಹೇಗಿದ್ದಾರೆ ಅಂತ ಕೇಳುತ್ತಿದ್ದಾರೆ’ ಅಂತ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಜೋಡಿಸಿಟ್ಟ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹುಳ ನೋಡಿದೆ. ಬಂದ ಮಾತು ಅಲ್ಲೇ ನಿಂತಿತು. ‘ಚೆನ್ನಾಗಿದ್ದಾಳೆ’ ಅಂದೆ. ಮೂವತ್ತು ವರ್ಷದ ಮೈಕಿನ ಭಾಷಣವೆಲ್ಲ ಆ ಒಂದು ಗಳಿಗೆಯಲ್ಲಿ ಹೊಳೆಗೆ ಹೋಯಿತು. ಜಪಾನಿನ ಹುಳಕ್ಕೆ ಕನ್ನಡ ಬರುತ್ತದೋ ಇಲ್ಲವೋ ಅಂತಲೂ ನಾನು ಯೋಚಿಸಲಿಲ್ಲ.

ಹೊರಗೆ ಬಂದ ಮೇಲೆ ಕೆಂಪಯ್ಯ ನನ್ನ ರಟ್ಟೆ ಹಿಡಿದ. ‘ಏನ್ಲಾ ಹಿಂಗ್ ಮಾಡ್ಬುಟ್ಟೆ?’

‘ಹುಳ ಹಣ್ಣಾಗಿದ್ವು ಕಣ್ಲಾ’ ಅಂದೆ.

ಅವನು ರಟ್ಟೆ ಬಿಟ್ಟು, ‘ಅದೂ ಸರಿಯೇ ಅನ್ನು. ಉಣ್ಣಕ್ಕೆ ಕೂತಾಗ ಹೇಳ್ಬುಡು ಮತ್ತೆ’ ಅಂದ.

ಉಣ್ಣಲು ಕೂತಾಗ ಜಪಾನಮ್ಮ ಒಂದು ಪೊಟ್ಟಣ ತಂದರು. ಒಳಗೆ ತೋಳಿಲ್ಲದ ಒಂದು ಅಂಗಿ. ತಮ್ಮದೇ ಗೂಡಿನ ರೇಷ್ಮೆಯನ್ನು ಅರಳೆಯ ಹಾಗೆ ಬಿಡಿಸಿ, ಒಳಗೆ ತುಂಬಿ, ಕೈಯಲ್ಲೇ ಹೊಲಿದದ್ದು. ಬೆಳಗಿನ ಚಳಿಯಲ್ಲಿ ಸೊಪ್ಪು ಕೊಯ್ಯುವಾಗ ರತ್ನಾ ಸಾನ್ ಬರೀ ಸೆರಗು ಹೊದ್ದುಕೊಂಡು ಹೋಗುತ್ತಿದ್ದರು, ಅದು ತಮಗೆ ಮರೆತಿಲ್ಲ ಅಂದರು. ತೆಳ್ಳಗಿನ ರತ್ನನ ಅಳತೆಯನ್ನು ಕೈಯಲ್ಲೇ ಗಾಳಿಯಲ್ಲಿ ಮಾಡಿ ತೋರಿಸಿದರು. ಅಳತೆ ಸರಿಯಾಗಿತ್ತು. ಈಗ ಹೇಳುವುದು ಹೇಗೆ, ನೀವೇ ಹೇಳಿ. ಎರಡೂ ಕೈಯಲ್ಲಿ ಅಂಗಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಂದುಬಿಟ್ಟೆ.

ಊರಿಗೆ ಬಂದ ಮೇಲೆ ಶುರುವಾಯಿತು. ಜಪಾನಮ್ಮ ನನ್ನ ನಂಬರು ತೆಗೆದುಕೊಂಡಿದ್ದರು. ಈಗ ಫೋನೇ ಭಾಷೆ ತಿರುಗಿಸಿ ಕೊಡುತ್ತದಲ್ಲ, ಸೊಪ್ಪು ತರಲು ಕಳಿಸುವುದಕ್ಕೂ ನನ್ನಂಥವನು ಬೇಡ. ‘ಅಂಗಿ ಸರಿಯಾಯಿತೇ? ಹಾಕಿಕೊಂಡ ಫೋಟೋ ಕಳಿಸಿ.’ ರತ್ನ ಮಗಳ ಮನೆಗೆ ಕನಕಪುರಕ್ಕೆ ಹೋಗಿದ್ದಾಳೆ ಅಂತ ಬರೆದೆ. ವಾರ ಬಿಟ್ಟು ಮತ್ತೆ ಕೇಳಿದರು. ಮತ್ತೆ ಕನಕಪುರ. ಬದುಕಿದ್ದಾಗ ವರ್ಷಕ್ಕೊಂದು ಸಲ ಮಗಳನ್ನು ನೋಡಲು ಹೋಗೋಣ ಅಂದರೆ ‘ಹುಳ ಅವೆ’ ಅನ್ನುತ್ತಿದ್ದವಳನ್ನು, ಸತ್ತ ಮೇಲೆ ನಾನು ಒಂದೇ ತಿಂಗಳಲ್ಲಿ ಮೂರು ಸಲ ಕನಕಪುರಕ್ಕೆ ಕಳಿಸಿದೆ.

ಕೆಂಪಯ್ಯ ಒಂದು ಉಪಾಯ ತೆಗೆದ. ಅವನ ಹೆಂಡತಿ ಪುಟ್ಟಮ್ಮನಿಗೆ ಅಂಗಿ ಹಾಕಿಸಿ, ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆಯುವುದು. ‘ರತ್ನಕ್ಕನ ಬಟ್ಟೆ ನಾನು ಹಾಕ್ಕಳದಾ? ಬ್ಯಾಡ ಕಣಣ್ಣ’ ಅಂತ ಪುಟ್ಟಮ್ಮ ಹಿಂದೆ ಸರಿದರು. ಆಮೇಲೆ ನನ್ನ ಮುಖ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹಾಕಿಕೊಂಡರು. ಪುಟ್ಟಮ್ಮ ಹೊಟ್ಟೆ ತುಂಬ ಉಂಡು ಬೆಳೆದ ಆಳು. ಅಂಗಿ ಬೆನ್ನಿನ ಮೇಲೆ ಬಿಗಿದು, ಕಂಕುಳಲ್ಲಿ ‘ಪರ್’ ಅಂತ ಹೊಲಿಗೆ ಬಿಟ್ಟಿತು. ‘ಉಸುರು ಬುಡಬ್ಯಾಡ ಕಣೆ’ ಅಂತ ಕೆಂಪಯ್ಯ ಕೂಗಿದ. ಉಸಿರು ಬಿಡುವುದರೊಳಗೆ ಕ್ಲಿಕ್ಕಿಸಿ, ಹಿಪ್ಪುನೇರಳೆ ತೋಟದ ಮುಂದೆ ನಿಂತ ಆ ಬೆನ್ನನ್ನು ಜಪಾನಿಗೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು. ‘ರತ್ನಾ ಸಾನ್ ಮೈ ತುಂಬಿಕೊಂಡಿದ್ದಾರೆ. ನನಗೆ ಬಹಳ ಸಂತೋಷವಾಗಿದೆ. ಅವರು ಸರಿಯಾಗಿ ಊಟ ಮಾಡುವುದಿಲ್ಲವೆಂದು ಇಷ್ಟು ವರ್ಷ ನನಗೆ ಚಿಂತೆ ಇತ್ತು. ಅವರನ್ನು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ನಿಮಗೆ ಧನ್ಯವಾದ.’

ಕೆಂಪಯ್ಯ ಓದಿಸಿಕೊಂಡು ನಗುತ್ತಿದ್ದ. ನಾನೂ ನಗಲು ಹೋದೆ, ಆಗಲಿಲ್ಲ. ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ. ರತ್ನನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅಲ್ಲೇ ಕೂತು, ಅತ್ತಿತ್ತ ನೋಡದೆ ಬರೆದೆ. ರತ್ನ ಮಾಘ ಮಾಸದಲ್ಲಿ ತೀರಿಕೊಂಡಳು. ಫೋಟೋದಲ್ಲಿರುವುದು ಪುಟ್ಟಮ್ಮ. ಹುಳ ಹಣ್ಣಾಗಿದ್ದವು, ಅದಕ್ಕೆ ಹೇಳಲಿಲ್ಲ. ಅವಳು ಕರೆದಾಗ ದಾರಿಯಲ್ಲಿದ್ದೇನೆ ಅಂದೆ, ಟೀ ಕುಡಿಯುತ್ತಿದ್ದೆ. ನಾನು ಅವಳನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಕಳಿಸಿದ ಮೇಲೆ ಅದನ್ನು ಅಳಿಸಿಬಿಡಲೇ ಅಂತ ಅನ್ನಿಸುವಷ್ಟರಲ್ಲಿ ಅವರು ಓದಿಯಾಗಿತ್ತು.

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂತು. ‘ನಾನು ಎರಡು ದಿನ ಹುಳದ ಮನೆಯೊಳಗೆ ಹೋಗಲಿಲ್ಲ. ಮಗ ನೋಡಿಕೊಂಡ. ಅಂಗಿಯನ್ನು ಪುಟ್ಟಮ್ಮ ಸಾನ್‌ಗೆ ಕೊಡಿ. ಪಕ್ಕದ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು.’ ಟೀ ವಿಷಯಕ್ಕೆ ಏನೂ ಬರೆದಿರಲಿಲ್ಲ. ಎಲ್ಲಾದರೂ ಇದೆಯೇನೋ ಅಂತ ಮೂರು ಸಲ ಓದಿದೆ, ಇರಲಿಲ್ಲ.

ಅಲ್ಲಿಂದೀಚೆಗೆ ಅವರು ರತ್ನನ ವಿಷಯ ಕೇಳುವುದಿಲ್ಲ. ವಾರಕ್ಕೊಂದು ಸಲ ನನ್ನನ್ನು ಕೇಳುತ್ತಾರೆ. ಊಟ ಮಾಡುತ್ತಿದ್ದೀರಾ, ಅಡುಗೆ ಯಾರು ಮಾಡುತ್ತಾರೆ. ನಾನು ಹೋಟೆಲಿನ ಇಡ್ಲಿ ಪೊಟ್ಟಣ ಬಿಚ್ಚುತ್ತಲೇ ‘ದಿನಾ ನಾನೇ ಮುದ್ದೆ ಮಾಡಿಕೊಂಡು ಬಿಸಿಬಿಸಿ ಉಣ್ಣುತ್ತೇನೆ’ ಅಂತ ಬರೆಯುತ್ತಿದ್ದೆ. ಮೊನ್ನೆ ‘ಮುದ್ದೆಯ ಫೋಟೋ ಕಳಿಸಿ’ ಅಂತ ಬಂತು. ಈ ಸಲ ಯಾರ ಬೆನ್ನು ತೋರಿಸುವುದು? ಒಲೆ ಹಚ್ಚಿ, ರತ್ನ ಅಳೆಯುತ್ತಿದ್ದ ಚೊಂಬಿನಲ್ಲೇ ನೀರು ಅಳೆದು ಎಸರಿಟ್ಟು, ಅವಳು ಹಾಕುತ್ತಿದ್ದಷ್ಟೇ ಹಿಟ್ಟು ಹಾಕಿ, ತಿರುವಿ ತಿರುವಿ ಬೆವರಿಳಿಸಿದೆ. ಗಂಟು ಗಂಟಾಗಿ ಏನೋ ಒಂದು ಆಯಿತು. ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಸಾರು ಬಿಟ್ಟು, ಹೆಮ್ಮೆಯಿಂದ ಫೋಟೋ ಕಳಿಸಿದೆ. ಜಪಾನಮ್ಮ ನಮ್ಮನೆಯಲ್ಲಿ ಎರಡು ವರ್ಷ ಉಂಡವರು, ಅವರ ಕಣ್ಣಿಗೆ ಗಂಟು ಬೀಳಬಹುದು ಅಂತ ಹೆದರಿದ್ದೆ. ಗಂಟಿನ ವಿಷಯ ಅವರು ಎತ್ತಲೇ ಇಲ್ಲ. ‘ಎರಡು ಮುದ್ದೆ ಇದೆ. ಮನೆಗೆ ಯಾರು ಬಂದಿದ್ದಾರೆ?’ ಅಂತ ಕೇಳಿದರು. ನೋಡಿದೆ. ಹೌದು, ನಾನೊಬ್ಬನೇ ಇದ್ದ ಮನೆಯಲ್ಲಿ ಎರಡು ಕಟ್ಟಿದ್ದೆ.

‘ಕೆಂಪಯ್ಯ’ ಅಂತ ಬರೆದೆ.