ದನದ ಡಾಕ್ಟರನ ಮುದಿ ಕಾರು

ಬೇರೆಯವರ ಮನೆಯ ವಿಷಯವಾದರೆ ನಾನು ಬಹಳ ಗಟ್ಟಿ ಮನಸ್ಸಿನವನು. ಬೈಲಹೊಂಗಲದ ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ದನದ ಡಾಕ್ಟರನಾಗಿದ್ದೇನೆ. ರೈತರು ಮುದಿ ಎಮ್ಮೆಯೊಂದನ್ನು ನನ್ನೆದುರು ತಂದು ನಿಲ್ಲಿಸಿ, "ಸಾಹೇಬ್ರ, ಇದನ್ನ ಇಟ್ಕೊಳ್ಳೋದೋ, ಕೊಟ್ಟು ಬ್ಯಾರೆ ತರೋದೋ?" ಎಂದು ಕೇಳುತ್ತಾರೆ. ನಾನು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಹೊಟ್ಟೆ ಒತ್ತಿ, ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತೇನೆ. ಕಣ್ಣಲ್ಲಿ ನೀರು ತಂದುಕೊಂಡ ಮನೆಯೊಡತಿಗೆ "ಮಾಯೆ ಬ್ಯಾರೆ, ವ್ಯವಹಾರ ಬ್ಯಾರೆ ನೋಡವಾ" ಎಂದು ಉಪದೇಶ ಮಾಡಿ, ಅವಳೇ ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ. ಇಂಥ ನಾನು, ನನ್ನ ಕಾರನ್ನು ರಿಪೇರಿ ಮಾಡಿಸುವುದೋ ಮಾರಿ ಬೇರೆ ಕೊಳ್ಳುವುದೋ ಎಂದು ತೀರ್ಮಾನಿಸಲು ಎರಡು ವರ್ಷ ತೆಗೆದುಕೊಂಡೆ. ಅದೂ ನಾನು ತೀರ್ಮಾನಿಸಿದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಕಾರಿನ ಪರಿಚಯ ಮಾಡಿಕೊಡುತ್ತೇನೆ. ಕೊಂಡಾಗ ಅದು ಬಿಳಿ ಬಣ್ಣದ್ದಾಗಿತ್ತು. ಕಾಗದಪತ್ರಗಳಲ್ಲಿ ಈಗಲೂ ಬಿಳಿಯೇ. ಮೂರು ಲಕ್ಷ ಕಿಲೋಮೀಟರು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಅದರ ಮೀಟರು ನಿಂತುಹೋಯಿತು. ಕಾರು ನಿಲ್ಲಲಿಲ್ಲ. ಎಣಿಸುವವನಿಗೇ ಸುಸ್ತಾಯಿತು, ಓಡುವವನಿಗೆ ಆಗಲಿಲ್ಲ ಎಂದು ನಾನು ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ನನ್ನ ಬದಿಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಗಾಜು ಇಳಿಸಿ, ಕೈ ಹೊರಗೆ ಹಾಕಿ, ನನ್ನ ಮನೆಗೆ ನಾನೇ ಕಳ್ಳನಂತೆ ಹೊರಗಿನ ಹಿಡಿಕೆಯನ್ನು ಎಳೆಯಬೇಕು. ಎಡಬದಿಯ ಗಾಜು ಪ್ರತಿ ರೋಡ್ ಹಂಪಿಗೂ ನಾಲ್ಕು ಬೆರಳು ಕೆಳಗಿಳಿಯುತ್ತದೆ. ಯರಗಟ್ಟಿ ಮುಟ್ಟುವಷ್ಟರಲ್ಲಿ ಪೂರ್ತಿ ಒಳಗೆ. ಹಿಂದಿನ ಸೀಟಿನಲ್ಲಿ ಒಮ್ಮೆ ಕಾಲು ಮುರಿದ ಕರುವೊಂದು ಪ್ರಯಾಣ ಮಾಡಿತ್ತು. ಕರು ಗುಣವಾಗಿ, ದೊಡ್ಡದಾಗಿ, ಈಗ ಎರಡು ಹೊತ್ತು ಹಾಲು ಕೊಡುತ್ತಿದೆಯಂತೆ. ವಾಸನೆ ಮಾತ್ರ ಸೀಟಿನಲ್ಲೇ ಉಳಿದಿದೆ.

ಇವೆಲ್ಲ ಸಹಿಸಬಹುದು. ಹಾರ್ನಿನದು ಮಾತ್ರ ಬೇರೆ ಕಥೆ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ತಾನಾಗಿಯೇ ಕೂಗುತ್ತದೆ, ಬಲಕ್ಕೆ ತಿರುಗಿಸುವ ತನಕ ಬಿಡುವುದಿಲ್ಲ. ಕಿತ್ತೂರಿನಲ್ಲಿ ನನ್ನ ಹೆಂಡತಿ ಶೈಲಜಾಳ ಸೋದರತ್ತೆಯ ಗಂಡ ತೀರಿಕೊಂಡಾಗ ಮಾತನಾಡಿಸಿ ಬರಲು ಹೋಗಿದ್ದೆವು. ಅವರ ಮನೆ ಇರುವುದು ಎಡಕ್ಕೆ ತಿರುಗುವ ಓಣಿಯಲ್ಲಿ. ಆ ಓಣಿಯೋ, ಬಲಕ್ಕೆ ತಿರುಗಲು ಒಂದು ಗೇಣು ಜಾಗವಿಲ್ಲದ್ದು. ಮದುವೆ ದಿಬ್ಬಣದಂತೆ ಊದಿಕೊಂಡು ಹೋಗಿ ದುಃಖದ ಮನೆಯ ಮುಂದೆ ನಿಂತೆವು. ಒಳಗೆ ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಹೊರಗೆ ಬಂದರು. ನಾನು ಗಾಜು ಇಳಿಸಿ, ಕೈ ಹೊರಗೆ ಹಾಕಿ, ಬಾಗಿಲು ಎಳೆಯುತ್ತ, ಮುಖದ ಮೇಲೆ ಶೋಕವನ್ನು ಇಟ್ಟುಕೊಳ್ಳಲು ಪಟ್ಟ ಕಷ್ಟ ನನಗೇ ಗೊತ್ತು. ತೀರಿಕೊಂಡವರ ತಮ್ಮ ಹತ್ತಿರ ಬಂದು, "ಅಣ್ಣಾಗ ಬ್ಯಾಂಡ್ ಬಾಜಾ ಅಂದ್ರ ಬಾಳ ಜೀವ ಇತ್ರಿ" ಎಂದರು. ಸಮಾಧಾನ ಹೇಳಲು ಹೋದವನಿಗೆ ಅವರೇ ಸಮಾಧಾನ ಹೇಳಿದಂತಾಯಿತು. ಬರುವಾಗ ದಾರಿಯುದ್ದಕ್ಕೂ ಶೈಲಜಾ ಕಿಟಕಿಯಾಚೆ ನೋಡುತ್ತಿದ್ದಳು. ಕಿಟಕಿಗೆ ಗಾಜು ಇರಲಿಲ್ಲ, ಇಳಿದುಬಿಟ್ಟಿತ್ತು.

ಶೈಲಜಾ ಸಂಗೊಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ನಾನು ದನಗಳ ಕಡೆ ಹೋಗುವುದು ನಮ್ಮ ಮನೆಯ ಪದ್ಧತಿ. ಕಳೆದ ವರ್ಷ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಶಾಲೆ ನೋಡಲು ಬರುವ ದಿನ ಅವಳು ಗಂಜಿ ಹಾಕಿದ ಇಳಕಲ್ ಸೀರೆ ಉಟ್ಟು ಕಾರು ಹತ್ತಿದಳು. ಅರ್ಧ ದಾರಿಯಲ್ಲಿ ಕಾರು ಎರಡು ಸಲ ಕೆಮ್ಮಿತು, ಒಮ್ಮೆ ನಿಟ್ಟುಸಿರು ಬಿಟ್ಟಿತು, ನಿಂತಿತು. ನಾನು ಬಾನೆಟ್ ಎತ್ತಿ, ನಾಡಿ ನೋಡುವವನಂತೆ ಅಲ್ಲೊಂದು ಇಲ್ಲೊಂದು ಪೈಪು ಮುಟ್ಟುತ್ತ ನಿಂತೆ. ಹಿಂದಿನಿಂದ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರೊಂದು ಬಂತು. ಹತ್ತು ನಿಮಿಷದ ನಂತರ ನನ್ನ ಹೆಂಡತಿ ಉಳ್ಳಾಗಡ್ಡಿ ಚೀಲಗಳ ಮೇಲೆ ಕುಳಿತು, ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಶಾಲೆಯ ಅಂಗಳ ಪ್ರವೇಶಿಸಿದಳಂತೆ. ಸಾಹೇಬರು ಗೇಟಿನಲ್ಲೇ ಇದ್ದರು. "ಟೀಚರ್, ಉಳ್ಳಾಗಡ್ಡಿ ಬಿಸಿಯೂಟಕ್ಕ ತಂದ್ರೇನ್ರಿ?" ಎಂದು ಕೇಳಿದರಂತೆ.

ಆ ಸಂಜೆ ಅವಳು ಚಹಾದ ಕಪ್ಪನ್ನು ನನ್ನ ಮುಂದೆ ಇಟ್ಟು, ಶಾಂತವಾಗಿ ಕೇಳಿದಳು: "ಒಂದ ಮಾತು ಹೇಳ್ರಿ. ನಿಮಗ ನಾ ಬೇಕೋ, ಆ ಕಾರು ಬೇಕೋ?"

ನಾನು ಸರಿಯಾದ ಉತ್ತರವನ್ನೇ ಕೊಟ್ಟೆ. ಆದರೆ ಕೊಡುವ ಮೊದಲು ಒಂದು ಅರ್ಧ ಸೆಕೆಂಡು ತಡವಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಬೇಕಾದಷ್ಟು ತಪ್ಪು ಮಾಡಿದ್ದೇನೆ. ಆ ಅರ್ಧ ಸೆಕೆಂಡಿನಷ್ಟು ದೊಡ್ಡದನ್ನು ಮಾಡಿರಲಿಲ್ಲ. "ಹಂಗೇನಿಲ್ಲ, ನೊಣ ಕುಂತಿತ್ತು, ಅದನ್ನ ನೋಡಾಕ ಹತ್ತಿದ್ದೆ" ಎಂದೆ. ನೊಣ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನವೇ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ದಸ್ತಗೀರ ನನ್ನ ಕಾರನ್ನು ಅದರ ಯೌವನದಿಂದ ಬಲ್ಲವನು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು, ರೋಗಿಯ ಮನೆಯವರ ಜೊತೆ ಮಾತನಾಡುವ ದನಿಯಲ್ಲಿ "ಡಾಕ್ಟರ್ರ, ಕುಂತ್ಕೋರಿ" ಎಂದ. ಕೂರಲು ಹೇಳಿದರೆ ಸುದ್ದಿ ಒಳ್ಳೆಯದಲ್ಲ ಎಂಬುದು ನನಗೆ ಗೊತ್ತು. ನಾನೂ ರೈತರಿಗೆ ಹಾಗೆಯೇ ಹೇಳುತ್ತೇನೆ.

"ಚಲೋ ಏನೈತಿ ಅದನ್ನ ಮೊದಲ ಹೇಳಪಾ" ಎಂದೆ.

"ಹಾರ್ನ್ ಚಲೋ ಐತ್ರಿ. ಬಾಕಿ ಎಲ್ಲಾ ನೋಡೂದೈತಿ. ಎಂಜಿನ್ ಇಳಸಬೇಕು, ಕ್ಲಚ್ ಹಾಕಬೇಕು, ತಳಕ್ಕ ಪತ್ರಾ ತಗಡ ಹೊಡೀಬೇಕು. ನನ್ನ ಕೇಳಿದ್ರ ಕೊಟ್ಟುಬಿಡ್ರಿ. ರಾಮದುರ್ಗದಾಗ ನನ್ನ ಕಡೆ ಗಿರಾಕಿ ಒಬ್ರು ಅದಾರ, ಸೀರಿ ವ್ಯಾಪಾರದವರು. ಹಳೇ ಗಾಡೀನ ಬೇಕಂತಾರ."

ನಾನು ಒಪ್ಪಿದೆ. ಶೈಲಜಾ ಅಂದು ಊಟಕ್ಕೆ ಎರಡು ಬಗೆಯ ಪಲ್ಯ ಮಾಡಿದಳು.

ಆ ಭಾನುವಾರ ಶಿವಪ್ಪಣ್ಣನವರು ರಾಮದುರ್ಗದಿಂದ ಬಂದರು. ಬಿಳಿ ಧೋತರ, ಬಗಲಲ್ಲಿ ಚರ್ಮದ ಚೀಲ, ಮುಖದ ಮೇಲೆ ಯಾರನ್ನೂ ನಂಬದ ಮುಗುಳ್ನಗೆ. ಓಡಿಸಿ ನೋಡೋಣ ಎಂದು ಇಬ್ಬರೂ ಯರಗಟ್ಟಿಯ ದಾರಿ ಹಿಡಿದೆವು. ಒಬ್ಬ ಡಾಕ್ಟರನಾಗಿ ಒಂದು ಸುಳ್ಳನ್ನೂ ಹೇಳಬಾರದೆಂದು ನಾನು ನಿಶ್ಚಯಿಸಿದ್ದೆ.

"ಮೊದಲ ಹೇಳಿಬಿಡ್ತೇನ್ರಿ, ಕ್ಲಚ್ ಹೋಗೇತಿ" ಎಂದೆ.

ಅವರು ನಕ್ಕರು. "ಹೌದ್ರಿ?"

"ಎಂಜಿನ್ ಇಳಸಬೇಕಂತ ಮಿಸ್ತ್ರಿ ಹೇಳ್ಯಾನ್ರಿ."

"ಹೇಳಿರ್ತಾನ ತಗೋರಿ."

"ಎಡಕ್ಕ ತಿರುವಿದ್ರ ಹಾರ್ನ್ ತಾನ ಹೊಡಕೋತೈತ್ರಿ."

"ತಿರುವರಿ ನೋಡೂಣು" ಎಂದರು. ತಿರುಗಿಸಿದೆ. ಹಾರ್ನ್ ಕೂಗಲಿಲ್ಲ. ಎಡಬದಿಯ ಗಾಜು ನಾಲ್ಕು ಹಂಪು ದಾಟಿದರೂ ಅಲುಗಲಿಲ್ಲ. ಎಂಜಿನ್ನು ಹದವಾಗಿ ಹಾಡುತ್ತಿತ್ತು. ನನ್ನ ವೃತ್ತಿಯಲ್ಲಿ ಇದು ಹೊಸದಲ್ಲ. ವಾರವಿಡೀ ಕುಂಟಿದ ಎತ್ತು ನಾನು ಅಂಗಳದಲ್ಲಿ ಕಾಲಿಟ್ಟೊಡನೆ ನೆಟ್ಟಗೆ ನಡೆದು ಮಾಲೀಕನ ಮಾನ ಕಳೆಯುತ್ತದೆ. ಅಂದು ನನ್ನ ಕಾರು ನನ್ನ ಮಾನ ಕಳೆಯಿತು. ನಾನು ಇನ್ನಷ್ಟು ಜೋರಾಗಿ ದೋಷಗಳನ್ನು ಹೇಳತೊಡಗಿದೆ: ಬ್ರೇಕು, ಬ್ಯಾಟರಿ, ಬಾಗಿಲು, ಕರುವಿನ ವಾಸನೆ. ಒಂದೊಂದು ದೋಷಕ್ಕೂ ಶಿವಪ್ಪಣ್ಣನವರ ಕಣ್ಣು ಇನ್ನಷ್ಟು ಹೊಳೆಯುತ್ತಿತ್ತು.

ಯರಗಟ್ಟಿಯಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ನಾನು ಗಾಜು ಇಳಿಸಿ ಕೈ ಹೊರಹಾಕುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಸಾಕ್ರಿ ಡಾಕ್ಟರ್ರ, ನಾಟಕ ಸಾಕು" ಎಂದರು. "ಹುಟ್ಟಿದಾಗಿಂದ ಸೀರಿ ಅಂಗಡ್ಯಾಗ ಕುಂತೇನಿ. ತನ್ನ ಮಾಲಿಗೆ ತಾನ ಕೆಟ್ಟ ಹೆಸರಿಡೋ ಮನಷ್ಯಾನ್ನ ಇವತ್ತ ನೋಡಿದ್ದು. ನಿಮಗ ಇದನ್ನ ಮಾರೂ ಮನಸ್ಸಿಲ್ಲ. ಮನ್ಯಾಗ ಒತ್ತಾಯ ಮಾಡ್ಯಾರ, ಅದಕ್ಕ ಗಿರಾಕಿನ್ನ ಓಡಸಾಕ ಹತ್ತೀರಿ. ಖರೇ ಹೇಳ್ರಿ?"

"ದೇವರಾಣಿ, ಎಲ್ಲಾ ಖರೇ ಹೇಳೇನ್ರಿ!"

"ಹಂಗಾದ್ರ ನಾ ಇನ್ನೂ ಹೆಚ್ಚಿಗಿ ಕೊಡ್ತೇನಿ" ಎಂದು ಎದ್ದುಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಪೈಠಣಿ ಸೀರೆಯ ಮಡಿಕೆ ಬಿಚ್ಚುವವರಂತೆ ಮೃದುವಾಗಿ, "ಏನ್ ಲೋಹ ಐತ್ರಿ ಇದು! ಈಗಿನ ಗಾಡಿಗೋಳು ಬರೇ ರಟ್ಟು" ಎಂದರು.

ಆಗ ನನಗೆ ಏನಾಯಿತೋ ಇಂದಿಗೂ ಹೇಳಲಾರೆ. ಇಪ್ಪತ್ತು ವರ್ಷ ಆ ಬಾನೆಟ್ಟಿನ ಮೇಲೆ ನಾನೇ ಒಮ್ಮೆಯೂ ಹಾಗೆ ಕೈಯಾಡಿಸಿರಲಿಲ್ಲ. ಪರರ ಕೈ ಬಿದ್ದೊಡನೆ ಅದರ ಮೈಬಣ್ಣ ಬಿಳಿಯಾಗಿಯೇ ಕಾಣತೊಡಗಿತು. ಒಬ್ಬ ನುರಿತ ವ್ಯಾಪಾರಿ ಇಷ್ಟು ಆಸೆಪಡುತ್ತಾನೆಂದರೆ ಏನೋ ಇದೆ. ದಸ್ತಗೀರನಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ, ಅವನಿಗೇನು ಗೊತ್ತು ಅನ್ನಿಸಿತು. ಬಾಯಿ ತೆರೆದಾಗ ಹೊರಬಂದ ಮಾತು, "ಇಲ್ರಿ, ಕೊಡೂದಿಲ್ಲ."

"ನಾ ಹೇಳಲಿಲ್ಲಾ!" ಎಂದು ಶಿವಪ್ಪಣ್ಣನವರು ತೊಡೆ ತಟ್ಟಿದರು. ಕಾರು ಸಿಗದಿದ್ದರೂ ತಮ್ಮ ಊಹೆ ಗೆದ್ದಿತೆಂಬ ಸಂತೋಷ ಅವರಿಗೆ ಸಾಕಾಗಿತ್ತು. ಚಹಾದ ದುಡ್ಡನ್ನೂ ಅವರೇ ಕೊಟ್ಟು, ರಾಮದುರ್ಗದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ಕಾರು ಹತ್ತಿ ಕೀಲಿ ತಿರುಗಿಸಿದೆ. ಕಾರು ಮಿಸುಕಲಿಲ್ಲ.

ಸಂಜೆ ದಸ್ತಗೀರ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಎಡಕ್ಕೆ ತಿರುಗಿದಲ್ಲೆಲ್ಲ ಹಾರ್ನ್ ಮನಸಾರೆ ಕೂಗಿತು. ಮನೆಗೆ ಬಂದು, ನಡೆದದ್ದನ್ನು ನಡೆದ ಹಾಗೆಯೇ ಶೈಲಜಾಳಿಗೆ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಆತು. ರಿಪೇರಿ ಮಾಡಸ್ರಿ" ಎಂದಳು. ನನಗೆ ಕೂಗಾಟಕ್ಕಿಂತ ಆ "ಆತು" ಹೆಚ್ಚು ಭಯ ಹುಟ್ಟಿಸಿತು.

ಎಂಜಿನ್ ಇಳಿಯಿತು. ಒಂದು ತಿಂಗಳು ಕಾರು ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತು. ನಾನು ದಿನಾ ಹೋಗಿ ನೋಡಿ ಬರುತ್ತಿದ್ದೆ. "ನಮ್ಮ ಸಾಲಿ ಮಹಾದೇವಿ ಟೀಚರ್ ಗಾಡಿ ಮ್ಯಾಲೆ ಹೋಗ್ತೇನಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದಳು ಶೈಲಜಾ. ಸಂಜೆ ಬರುವುದು ಒಂದು ತಾಸು ತಡವಾಗುತ್ತಿತ್ತು. ಮೊಣಕೈಗೆ ಒಮ್ಮೆ ತರಚಿದ ಗಾಯವೂ ಆಗಿತ್ತು. "ಏನಾತು?" ಎಂದರೆ "ಸಾಲ್ಯಾಗ ಸಿಮೆಂಟ್ ಕಟ್ಟಿ ತಾಕ್ತು" ಎಂದಳು. ದನದ ಗಾಯ ನೋಡಿ ಕಾರಣ ಹೇಳಬಲ್ಲ ನಾನು ಅದನ್ನು ನಂಬಿದೆ.

ಕಾರು ಬಂದ ದಿನ ಅದರ ಠೀವಿಯೇ ಬೇರೆಯಾಗಿತ್ತು. ಬಾಗಿಲು ಒಳಗಿನಿಂದ ತೆರೆಯಿತು! ಅಭ್ಯಾಸಬಲದಿಂದ ನಾನು ಕೈ ಹೊರಗೇ ಹಾಕಿದೆ, ಅದು ಬೇರೆ ಮಾತು. "ಹೊಸಾ ಎಂಜಿನ್ ಇದ್ದಂಗ ಆಗೇತ್ರಿ" ಎಂದಿದ್ದ ದಸ್ತಗೀರ, "ಸ್ವಲ್ಪ ದಿವಸ ನಲವತ್ತರ ಮ್ಯಾಲೆ ಹೊಡೀಬ್ಯಾಡ್ರಿ." ಮನೆಯ ಮುಂದೆ ನಿಲ್ಲಿಸಿ, ನಾನಾಗಿಯೇ ಹಾರ್ನ್ ಹೊಡೆದೆ. ಶೈಲಜಾ ಹೊರಬಂದಳು. ತಲೆಯ ಮೇಲೆ ಗುಲಾಬಿ ಬಣ್ಣದ ಹೆಲ್ಮೆಟ್ಟು. ಹಿತ್ತಲ ಕಡೆಯಿಂದ ಹೊಚ್ಚಹೊಸ ಸ್ಕೂಟರನ್ನು ತಳ್ಳಿಕೊಂಡು ಬಂದು, ನನ್ನ ಕಾರಿನ ಪಕ್ಕ ನಿಲ್ಲಿಸಿ, "ಚಲೋ ಆಗೇತ್ರಿ ನಿಮ್ಮ ಕಾರು" ಎಂದು ಹೇಳಿ ಸಂಗೊಳ್ಳಿಗೆ ಹೊರಟುಹೋದಳು. ಶಾಲೆಯ ಬಯಲಿನಲ್ಲಿ ಒಂದು ತಿಂಗಳು ಅವಳಿಗೆ ಮಹಾದೇವಿ ಟೀಚರು ಕಲಿಸಿದ್ದು ಪಾಠವಲ್ಲ, ಸವಾರಿ.

ಮುಂದಿನ ರವಿವಾರ ಮಧ್ಯಾಹ್ನ ಚಚಡಿಯಿಂದ ಬಸಲಿಂಗಪ್ಪನ ಫೋನು ಬಂತು. ಆಕಳು ಈಯಲಾರದೆ ಒದ್ದಾಡುತ್ತಿದೆ, ಕರುವಿನ ಒಂದು ಕಾಲು ಮಾತ್ರ ಕಾಣುತ್ತಿದೆ, ಬೇಗ ಬರ್ರಿ ಎಂದು ಅಳುವ ದನಿಯಲ್ಲಿ ಹೇಳಿದ. ನಾನು ಚೀಲ ಹಿಡಿದು ಕಾರಿನ ಕಡೆ ಓಡಿದೆ. ಶೈಲಜಾ ಅಡ್ಡ ಬಂದಳು.

"ನಲವತ್ತರಾಗ ಹೋಗೂದ್ರಾಗ ಆ ಕರು ಹುಟ್ಟಿ, ದೊಡ್ಡದಾಗಿ, ಮದಿವಿ ಮಾಡ್ಕೊಂಡಿರ್ತೈತಿ. ಹತ್ರಿ ಹಿಂದ."

ವಾದಿಸಲು ಸಮಯವಿರಲಿಲ್ಲ. ಹತ್ತಿದೆ. ಚೀಲವನ್ನು ಎದೆಗೆ ಅವಚಿಕೊಂಡೆ. ಅವಳು ಓಡಿಸಿದ ರೀತಿಯನ್ನು ವರ್ಣಿಸಲಾರೆ. ನಾನು ಕಣ್ಣು ಮುಚ್ಚಿದ್ದೆ. ಒಮ್ಮೆ ಮಾತ್ರ "ಗೇರ್ ಬದಲಿ ಮಾಡು" ಎಂದು ಕೂಗಿದೆ. "ಇದಕ್ಕ ಗೇರ್ ಇರೂದಿಲ್ಲ, ಸುಮ್ಮ ಕುಂಡ್ರಿ" ಎಂದಳು. ಚಚಡಿ ಮುಟ್ಟಿದಾಗ ಆಕಳಿನ ಕಣ್ಣು ಮೇಲಾಗಿತ್ತು. ತೋಳೇರಿಸಿ ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಸರಿಮಾಡಿ ಎಳೆಯಲು ಮುಕ್ಕಾಲು ತಾಸು ಹಿಡಿಯಿತು. ಕರು ನೆಲಕ್ಕೆ ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಸೀನಿತು. ಬಸಲಿಂಗಪ್ಪ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ. "ಇನ್ನ ಹತ್ತ ನಿಮಿಷ ತಡಾ ಆಗಿದ್ರ ಎರಡೂ ಉಳೀತಿರಲಿಲ್ಲ" ಎಂದೆ. ಹೇಳಿದ ಮೇಲೆ ಅನ್ನಿಸಿತು, ಶೈಲಜಾ ಕೇಳುವ ಹಾಗೆ ಹೇಳಬಾರದಿತ್ತು. ಬಸಲಿಂಗಪ್ಪನ ಮುದಿ ತಾಯಿ ನಮ್ಮಿಬ್ಬರನ್ನೂ ನೋಡಿ, ಹೆಲ್ಮೆಟ್ಟು ಹಿಡಿದು ನಿಂತಿದ್ದ ನನ್ನ ಹೆಂಡತಿಯ ಕೈ ಹಿಡಿದು, "ನಿನ್ನ ಹೊಟ್ಟಿ ತಣ್ಣಗಿರಲಿ ಡಾಕ್ಟರವ್ವಾ" ಎಂದು ಹರಸಿ, ನನ್ನ ಕಡೆ ಕೈ ಮಾಡಿ, "ನಿನ್ನ ಕಂಪೌಂಡರ್ರೂ ಚಲೋ ಮಾಡಿದ್ರವ್ವಾ" ಎಂದಳು. ಶೈಲಜಾ ತಿದ್ದಲಿಲ್ಲ.

ವಾಪಸು ಬರುವಾಗ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಬಳಿ ಎಮ್ಮೆಗಳ ಹಿಂಡು ಅಡ್ಡ ಬಂತು. ಸ್ಕೂಟರು ನಿಂತಿತು. ಪರಿಚಯದ ಔಷಧಿ ಅಂಗಡಿಯವರು ಕಟ್ಟೆಯ ಮೇಲಿಂದ ನನ್ನನ್ನು ನೋಡಿ, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ಡಾಕ್ಟರ್ರ, ಕಾರು ಮಾರಿದ್ರೇನ್ರಿ?"

"ಛೇ, ಇಲ್ರಿ. ಎಂಜಿನ್ ಇಳಿಸಿ ರಿಪೇರಿ ಮಾಡಿಸೇನಿ. ಬಂಗಾರದಂಗ ಆಗೇತಿ."

"ಹಂಗಾದ್ರ ಮತ್ತ?" ಎಂದು ಅವರು ಹಿಂದಿನ ಸೀಟಿನ ಮೇಲಿದ್ದ ನನ್ನನ್ನು ತಲೆಯಿಂದ ಕಾಲತನಕ ನೋಡಿದರು.

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಮ್ಮೆಗಳು ಸರಿದವು, ಶೈಲಜಾ ಗಾಡಿ ಬಿಟ್ಟಳು. ತೆರೆದ ಬಾಯಿಗೆ ಧೂಳು ತುಂಬಿತು. ಒಳ್ಳೆಯದೇ ಆಯಿತು.