ಕೌದಿಯ ಹೊಟ್ಟೆ

ಕುಷ್ಟಗಿಯ ಪಂಪಮ್ಮನಿಗೆ ಅವತ್ತು ಬೇಕಾಗಿದ್ದುದು ರಾಜ್ಯವಲ್ಲ, ಬಂಗಾರವಲ್ಲ, ಎರಡು ಹಾಳೆ ಓದುವಷ್ಟು ಪುರುಸೊತ್ತು. ನಿಜಾಮರ ಖಜಾನೆಯಲ್ಲಿ ಹುಡುಕಿದರೆ ಜಗತ್ತಿನಲ್ಲಿಲ್ಲದ್ದೂ ಸಿಕ್ಕೀತು, ಮೂರು ಮಕ್ಕಳ ತಾಯಿಗೆ ಅಷ್ಟು ಪುರುಸೊತ್ತು ಮಾತ್ರ ಅಲ್ಲಿಯೂ ಸಿಕ್ಕದು.

ಅವಳು ಓದುತ್ತಿದ್ದ ಕಾದಂಬರಿಯಲ್ಲಿ ಚಂಪಾವತಿ ಎಂಬ ರಾಜಕುವರಿ ಕೋಟೆಯ ಗೋಡೆಗೆ ಹಗ್ಗ ಹಿಡಿದು ಜೋತುಬಿದ್ದಿದ್ದಳು. ಕೆಳಗೆ ಕಂದಕ, ಕಂದಕದ ತುಂಬ ಮೊಸಳೆ. ಮೇಲೆ ನಿಂತು ಯಾರೋ ಹಗ್ಗ ಕೊಯ್ಯುತ್ತಿದ್ದರು. ಅದು ಯಾರೆಂದು ತಿಳಿಯುವ ಮೊದಲೇ ಚಿಮಣಿಯ ಎಣ್ಣೆ ತೀರಿತು. ಚಂಪಾವತಿ ಬೆಳತನಕ ಹಾಗೆಯೇ ಜೋತಾಡಿದಳು. ಬೆಳಿಗ್ಗೆ ಎದ್ದಾಗ ಪಂಪಮ್ಮನ ತೋಳುಗಳು ಬಾತುಕೊಂಡಿದ್ದವು ಎಂದರೆ ನೀವು ನಂಬಲೇಬೇಕು.

ಗಂಡ ತಿಮ್ಮಣ್ಣ ಅರಳೆಯ ಬಂಡಿ ಹೊಡೆದುಕೊಂಡು ಕೊಪ್ಪಳಕ್ಕೆ ಹೋಗಿದ್ದ. ಪಂಪಮ್ಮ ಮನೆಯಲ್ಲೇ ಕುಳಿತು ಊರವರಿಗೆ ಕೌದಿ ಹೊಲಿದುಕೊಡುತ್ತಿದ್ದಳು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಅವಳು ಸೂಜಿ ಎತ್ತಿದಳೆಂದರೆ ಮುಗಿಯಿತು, ಆ ಕೌದಿ ಹೊದ್ದವರನ್ನು ಎಬ್ಬಿಸಲು ಬಾಜಾ ಬಜಂತ್ರಿಯೇ ಬೇಕು. ಹುಲಿಹೈದರದ ಒಬ್ಬ ಮುದುಕ ಅವಳ ಕೌದಿ ಹೊದ್ದು ಮಲಗಿ ಎದ್ದಾಗ ಮೊಮ್ಮಗನ ಮದುವೆ ಮುಗಿದು ಚಪ್ಪರವನ್ನೂ ಬಿಚ್ಚಿದ್ದರಂತೆ.

ಅವಳಿಗೆ ಓದು ಬರುತ್ತದೆಂಬುದು ಊರಿನಲ್ಲಿ ಒಬ್ಬನಿಗೇ ಗೊತ್ತು. ತವರಿನಲ್ಲಿ ಅಣ್ಣನ ಬೆನ್ನಹಿಂದೆ ಕುಳಿತು ಕದ್ದು ಕಲಿತ ವಿದ್ಯೆ. ಓದುವ ಹೆಣ್ಣಿನ ಹಂಚಿನ ಮೇಲೆ ರೊಟ್ಟಿ ಉಬ್ಬುವುದಿಲ್ಲವೆಂದು ಅತ್ತೆ ಮುದುಕಮ್ಮನ ನಂಬಿಕೆ. ಗೌಡರ ಪಡಸಾಲೆಯ ವಾಚನಾಲಯದಿಂದಲೂ ಹೆಂಗಸರಿಗೆ ಪುಸ್ತಕ ಹೊರಗೆ ಹೋಗುವಂತಿರಲಿಲ್ಲ. ಆದರೆ ವಾಚನಾಲಯ ನೋಡಿಕೊಳ್ಳುವ ಹಂಪಣ್ಣ ಪಂಪಮ್ಮನ ಕೌದಿಯ ಋಣದಲ್ಲಿದ್ದ, ಒಂದೊಂದಾಗಿ ಹಿತ್ತಲ ಬೇಲಿಯ ಸಂದಿಯಿಂದ ದಾಟಿಸುತ್ತಿದ್ದ.

ಅವತ್ತು ಬೆಳಿಗ್ಗೆ ಬೇಲಿಯಾಚೆ ಹಂಪಣ್ಣನ ಮುಖ ಬೂದಿ ಬಳಿದಂತಿತ್ತು.

“ಯವ್ವಾ, ದೀಪ ಹಚ್ಚೂ ಹೊತ್ತಿಗೆ ಗೌಡ್ರು ಪುಸ್ತಕದ ಪೆಟಗಿ ತಗಸಿ ನೋಡ್ತಾರಂತ. ನಿನ್ನ ಕಡೆ ಇರೂದು ಅದರಾಗ ಇರಲಿಲ್ಲಂದ್ರ ನನ್ನ ನೌಕರೀನೂ ಹೋತು, ನಿನ್ನ ಓದೂ ಹೋತು.”

ಎರಡೇ ಹಾಳೆ ಉಳಿದಿವೆ, ಮಧ್ಯಾಹ್ನದೊಳಗೆ ಕೊಡುತ್ತೇನೆಂದು ಪಂಪಮ್ಮ ಮಾತು ಕೊಟ್ಟಳು. ಗೌಡರ ಮನೆಯ ಕೌದಿಯನ್ನೂ ಅವತ್ತೇ ಮುಗಿಸಬೇಕಿತ್ತು. ಗೌಡರ ಮಗಳಿಗೆ ಗಂಡು ಕೂಸು ಹುಟ್ಟಿತ್ತು, ಮರುದಿನ ತೊಟ್ಟಿಲ ಕಾರ್ಯ. ಹೊಲಿಗೆಯೆಲ್ಲ ಮುಗಿದು ಒಂದು ಅಂಚು ಬಾಕಿ. ಕೊನೆಯ ಮೂಲೆ ಮುಚ್ಚುವ ಮೊದಲು ಪದರಿನೊಳಗೆ ಒಂದು ಹೋಳಿಗೆ ಇಟ್ಟು ಕೌದಿಯ ಹೊಟ್ಟೆ ತುಂಬಿಸುವುದು ಪದ್ಧತಿ. ಹಸಿದ ಕೌದಿ ಮಲಗಿದವರ ನಿದ್ದೆ ತಿನ್ನುತ್ತದೆ ಎನ್ನುತ್ತಾರೆ.

ಪಂಪಮ್ಮನ ತಲೆಯ ಮುಂದೆ ದಿವಾನರ ತಲೆಯೂ ಸೊನ್ನೆ. ಅವಳು ಪುಸ್ತಕವನ್ನು ಕೌದಿಯ ತೆರೆದ ಮೂಲೆಯಲ್ಲಿ ಪದರು ಸರಿಸಿ ಇಟ್ಟಳು. ಕೈ ಹೊಲಿಯುತ್ತಿತ್ತು, ಕಣ್ಣು ಕಂದಕದಲ್ಲಿತ್ತು. ದೊಡ್ಡ ಮಗ ಬೇವಿನ ಗಿಡದ ಮೇಲೆ, ಸಣ್ಣದು ತೊಡೆಯ ಮೇಲೆ. ನಡುವಿನವಳ ಸದ್ದಿರಲಿಲ್ಲ. ಮಕ್ಕಳ ಸದ್ದಿಲ್ಲವೆಂದರೆ ಎಲ್ಲೋ ಲಂಕೆ ಸುಡುತ್ತಿದೆ ಎಂದೇ ಅರ್ಥ.

ಅತ್ತೆ ಆ ಹುಡುಗಿಯನ್ನು ರೆಟ್ಟೆ ಹಿಡಿದು ಎಳೆದುಕೊಂಡು ಬಂದಳು. ಪಂಪಮ್ಮ ಕಣ್ಣು ಮಿಟುಕಿಸುವುದರೊಳಗೆ ಪುಸ್ತಕದ ಮೇಲೆ ಪದರು ಎಳೆದಳು.

“ಮೂಗಿನ್ಯಾಗ ಶೇಂಗಾ ತುರುಕ್ಯಾಳ ನಿನ್ನ ಮಗಳು. ನನ್ನ ನಶ್ಯದ ಡಬ್ಬಿ ಖಾಲಿ ಐತಿ. ಓಡಿ ಹೋಗಿ ತಗೊಂಡು ಬಾ, ಒಂದು ಸೀನಿಗೆ ಹೊರಗ ಬರ್ತೈತಿ.”

ಪಂಪಮ್ಮ ಸಣ್ಣದನ್ನು ಸೊಂಟಕ್ಕೇರಿಸಿ ಪ್ಯಾಟೆಗೆ ಓಡಿದಳು. ಅಂಗಡಿಯವನು ಪೊಟ್ಟಣ ಕಟ್ಟುವಷ್ಟರಲ್ಲಿ ಸೊಂಟದ ಕೂಸು ಕೈ ಹಾಕಿ ನಶ್ಯ ಚೆಲ್ಲಿತು. ಗಾಳಿ ಬೇರೆ ಬೀಸುತ್ತಿತ್ತು. ಅಂಗಡಿಯವನು ಸೀನಿದ, ಗಿರಾಕಿಗಳು ಸೀನಿದರು, ಬಂಡಿಯ ಎತ್ತುಗಳು ಸೀನಿದವು. ಪೊಲೀಸ್ ಅಮೀನಸಾಹೇಬರ ಕುದುರೆ ಸೀನಿದ ರಭಸಕ್ಕೆ ಸಾಹೇಬರು ತಹಶೀಲಿ ಕಚೇರಿಯ ಮೆಟ್ಟಿಲ ಮೇಲೆ ಬಂದು ಕುಳಿತಿದ್ದರು. ಮತ್ತೊಂದು ಪೊಟ್ಟಣ ಕಟ್ಟಿಸಿಕೊಂಡು ಪಂಪಮ್ಮ ಮನೆ ಮುಟ್ಟುವಾಗ ಊರೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ಇತ್ತ ಶೇಂಗಾ ತಾನಾಗಿಯೇ ಉದುರಿ, ಹುಡುಗಿ ಅದನ್ನು ತಿಂದೂ ಮುಗಿಸಿದ್ದಳು.

ಪಡಸಾಲೆಯಲ್ಲಿ ನೆರೆಮನೆಯ ಗಾಳೆಮ್ಮ, ಎದುರುಮನೆಯ ಖೈರುನಬಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಕೌದಿ ಇರಲಿಲ್ಲ.

“ನಿನ್ನ ಒದ್ದಾಟ ನೋಡಲಾರ್ದ ನಾವ ಕುಂತು ಹೊಲದ ಬಿಟ್ವಿ,” ಎಂದಳು ಗಾಳೆಮ್ಮ, ಮಗಳ ಮದುವೆ ಮಾಡಿಕೊಟ್ಟಷ್ಟು ತೃಪ್ತಿಯಿಂದ. “ಗೌಡ್ರ ಆಳು ಹುಲಿಗೆಪ್ಪ ಬಂದಿದ್ದ, ಅವರ ಮನಿಗೆ ಹೊತಗೊಂಡು ಹೋಗ್ಯಾನ.”

ಪಂಪಮ್ಮ ಮೂಲೆಯನ್ನು ನೋಡಿದಿರಾ ಎಂದು ಕೇಳಿದಳು.

“ನೋಡದೇನು?” ಎಂದಳು ಖೈರುನಬಿ. “ಮುಟ್ಟಿದ್ರ ಗಟ್ಟಿಗಿ ಹತ್ತಿತು. ಹೋಳಿಗಿ ಮೊದಲ ಇಟ್ಟೀಯಂತ ಹಂಗ ಮುಚ್ಚಿದ್ವಿ.”

“ನನಗ ಸಂಶಯ ಬಂದಿತ್ತು,” ಎಂದು ಅತ್ತೆ ನಶ್ಯದ ಪೊಟ್ಟಣ ಬಿಚ್ಚಿದಳು. “ಹೋಳಿಗಿ ಇಷ್ಟು ಗಟ್ಟಿ ಇರ್ತೈತೇನು ಅಂತ. ಆಮ್ಯಾಲೆ ನೆನಪಾತು, ಮಾಡಿದಾಕಿ ನೀನು.”

ಬೇರೆ ಹೆಂಗಸಾಗಿದ್ದರೆ ಬಾವಿ ನೋಡಿಕೊಳ್ಳುತ್ತಿದ್ದಳು. ಪಂಪಮ್ಮ ನಿಜವಾದ ಹೋಳಿಗೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು, ಗೌಡರ ಮನೆಗೆ ಹಾರಿದಳು. ದಾರಿಯಲ್ಲಿದ್ದ ನಾಯಿಗಳು ಅವಳನ್ನು ಕಂಡು ಬೊಗಳಲು ಬಾಯಿ ತೆರೆದವು. ಸದ್ದು ಹೊರಡುವಷ್ಟರಲ್ಲಿ ಅವಳು ಆಗಲೇ ಅಗಸಿ ಬಾಗಿಲು ದಾಟಿದ್ದಳು.

ಉಪಾಯ ಸಲೀಸಾಗಿತ್ತು. ಕೌದಿ ಉಪವಾಸ ಇದೆ ಎಂದು ಹೇಳುವುದು, ಮೂಲೆ ಬಿಚ್ಚುವುದು, ಹೋಳಿಗೆ ಒಳಗೆ, ಪುಸ್ತಕ ಸೆರಗಿನೊಳಗೆ. ಆದರೆ ಕೌದಿ ಉಪವಾಸ ಎಂಬ ಮಾತು ಕೇಳಿದ್ದೇ ಗೌಡಸಾನಿ ವಿರೂಪಾಕ್ಷಮ್ಮ ಎದೆ ಹಿಡಿದುಕೊಂಡಳು. ತೊಟ್ಟಿಲಿಗೆಂದು ಬಂದಿದ್ದ ನೆಂಟರ ಹೆಂಗಸರನ್ನೆಲ್ಲ ಕೂಗಿ ಕರೆದಳು. ಕೌದಿಯ ಸುತ್ತ ಅಷ್ಟು ಮಂದಿ ನೆರೆದರೆಂದರೆ ಬಾಣಂತಿಗೆ ಗಾಳಿಯೇ ಆಡದಂತಾಯಿತು.

ಪಂಪಮ್ಮ ಹೊಲಿಗೆ ಬಿಚ್ಚಿದಳು. ಅವಳ ಕೈಗಿಂತ ಮೊದಲು ಗೌಡಸಾನಿಯ ಕೈ ಒಳಗೆ ಹೋಯಿತು. ಕಾದಂಬರಿ ಹೊರಗೆ ಬಂತು, ಸಿಕ್ಕಿಬಿದ್ದ ಕಳ್ಳನ ಹಾಗೆ.

ಅಲ್ಲಿದ್ದವರಿಗೆ ಯಾರಿಗೂ ಓದು ಬರುತ್ತಿರಲಿಲ್ಲ, ಅದರ ಮೇಲೆ ಒತ್ತಿದ್ದ ಶಿಕ್ಕಾ ವಾಚನಾಲಯದ್ದೆಂದು ತಿಳಿಯಲಿಲ್ಲ. ಅದೊಂದೇ ಪುಣ್ಯ.

“ಏನಿದು, ಪಂಪವ್ವ?” ಎಂದಳು ಗೌಡಸಾನಿ.

ಸಾಯುವವನ ಕಣ್ಣಮುಂದೆ ಇಡೀ ಆಯುಷ್ಯ ಹಾದುಹೋಗುತ್ತದಂತೆ. ಪಂಪಮ್ಮನ ಕಣ್ಣಮುಂದೆ ಓದದೆ ಉಳಿದ ಪುಸ್ತಕಗಳೆಲ್ಲ ಹಾದುಹೋದವು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ಪದ್ಧತಿರಿ, ಗೌಡಸಾನಿ. ಗಂಡು ಕೂಸಿನ ಕೌದಿ ಹೊಟ್ಟ್ಯಾಗ ಪುಸ್ತಕ ಇಟ್ರ ವಿದ್ಯಾ ತಲಿಗೆ ಏರ್ತೈತಿ. ಕೂಸು ಮುಂದ ತಹಶೀಲದಾರ ಆಕ್ಕೈತ್ರಿ. ಇದರ ಜೋಡಿ ಹೋಳಿಗಿ ಇಡೂದ ಮರತಿದ್ದೆ, ಅದಕ್ಕ ಓಡಿ ಬಂದೆ.”

ಹೆಂಗಸರಲ್ಲಿ ಒಂದು ನಿಟ್ಟುಸಿರು ಎದ್ದಿತು. ಅದರ ಗಾಳಿಗೆ ಗೂಡಿನ ದೀಪ ಆರಿತು ಎಂದರೂ ತಪ್ಪಲ್ಲ. ತಮ್ಮ ತವರಿನಲ್ಲೂ ಹೀಗೇ ಮಾಡುತ್ತಿದ್ದರೆಂದು ಒಬ್ಬ ಮುದುಕಿ ಆಗಲೇ ಸಾಕ್ಷಿ ನುಡಿಯತೊಡಗಿದಳು. ಗೌಡಸಾನಿಯ ಮುಖ ಅರಳಿ ಸೂರ್ಯಪಾನದ ಹೂವಾಯಿತು. ಆದರೆ ಅವಳು ಗೌಡಸಾನಿ, ಪರೀಕ್ಷೆ ಮಾಡದೆ ಬದನೆಕಾಯಿಯನ್ನೂ ಕೊಂಡವಳಲ್ಲ.

“ಎಂಜಲಾದ ಹೋಳಿಗಿ ಕೌದಿ ಹೊಟ್ಟಿಗೆ ಇಡಂಗಿಲ್ಲ. ಯಾರರೆ ಓದಿದ್ರ ಪುಸ್ತಕನೂ ಎಂಜಲ ಆದಂಗಲ್ಲೇನು? ಖರೇ ಹೇಳು, ಇದನ್ನ ನೀ ಓದಿಲ್ಲಲಾ?”

ಪಂಪಮ್ಮ ಕೂಸಿನ ಮುಖ ನೋಡಿದಳು, ಪುಸ್ತಕದ ಮುಖ ನೋಡಿದಳು.

“ನನಗೆಲ್ಲಿ ಅಕ್ಷರ ಬರ್ತಾವ್ರಿ,” ಎಂದಳು.

“ಛಲೋ ಆತು. ಹಂಗಾರ ಹೊಲಿ.”

ಎಲ್ಲರ ಕಣ್ಣೆದುರು, ತನ್ನದೇ ಸೂಜಿಯಿಂದ, ಪಂಪಮ್ಮ ಚಂಪಾವತಿಯನ್ನು ಹಗ್ಗದ ಸಮೇತ ಹೊಲಿದು ಮುಚ್ಚಿದಳು. ಗೌಡಸಾನಿ ಅವಳ ಉಡಿ ತುಂಬಿ ಕಳಿಸಿದಳು. ಮನೆಗೆ ಹಿಂದಿರುಗುವಾಗ ಆ ಉಡಿ ಬೀಸುವ ಕಲ್ಲಿನಷ್ಟು ಭಾರವಾಗಿತ್ತು.

ಆದರೂ ಜೀವಕ್ಕೊಂದು ಸಮಾಧಾನವಿತ್ತು. ಒಂದು ಪುಸ್ತಕ ಹೋದರೆ ಹೋಗಲಿ, ಹಂಪಣ್ಣನಿಗೆ ಹೇಗೋ ಸಮಜಾಯಿಸಿ ಹೇಳಿದರಾಯಿತು, ಉಳಿದ ಪುಸ್ತಕಗಳಂತೂ ಇವೆ.

ದೀಪ ಹಚ್ಚುವ ಹೊತ್ತಿಗೆ ಹಂಪಣ್ಣ ಬಂದ. ಹಿತ್ತಲಿನಿಂದಲ್ಲ, ರಾಜಾರೋಷವಾಗಿ ಮುಂಬಾಗಿಲಿನಿಂದ. ತಲೆಯ ಮೇಲೆ ವಾಚನಾಲಯದ ಪೆಟ್ಟಿಗೆ ಇತ್ತು. ಕ್ಷಣಹೊತ್ತು ಪಂಪಮ್ಮನಿಗೆ ದೇವಲೋಕದ ವಿಮಾನವೇ ಅಂಗಳಕ್ಕೆ ಇಳಿದಂತಾಯಿತು.

ಹೆಂಡತಿಯ ಬಾಯಿಂದ ಸಂಗತಿ ಕೇಳಿ ಗೌಡರು ಹಿಗ್ಗಿ, ಪೆಟ್ಟಿಗೆ ತೆಗೆಸಿ ನೋಡುವುದನ್ನೇ ಮರೆತಿದ್ದರಂತೆ. ಮೊಮ್ಮಗನ ಹೆಸರಿನಲ್ಲಿ ಊರಿಗೆಲ್ಲ ಧರ್ಮ ಮಾಡುವ ಮನಸ್ಸಾಯಿತಂತೆ. ಇನ್ನು ಮುಂದೆ ಊರಿನಲ್ಲಿ ಹುಟ್ಟುವ ಪ್ರತಿ ಕೂಸಿನ ಕೌದಿಗೂ ವಾಚನಾಲಯದಿಂದ ಒಂದೊಂದು ಪುಸ್ತಕ.

“ಪೆಟಗಿ ಪಂಪವ್ವನ ಮನ್ಯಾಗ ಇರಲಿ ಅಂದ್ರು,” ಎಂದ ಹಂಪಣ್ಣ, ಅತ್ತೆಗೆ ಕೇಳುವಂತೆ. “ಅಕ್ಷರ ಬರಲಾರ್ದಾಕಿ, ಎಂಜಲ ಮಾಡೂ ಅಂಜಿಕಿ ಇಲ್ಲ ಅಂತ.”

“ಕೀಲಿ ನನ್ನ ಕಡೆ ಇರಲಿ,” ಎಂದು ಮುದುಕಮ್ಮ ಅದನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. “ಪುಸ್ತಕಕ್ಕೂ ಒಂದು ಉಪಯೋಗ ಐತಂತ ಇವತ್ತ ಗೊತ್ತಾತು.”

ಪಂಪಮ್ಮ ಹಂಪಣ್ಣನನ್ನು ಅಂಗಳದವರೆಗೆ ಕಳಿಸುವ ನೆವದಲ್ಲಿ ಹೊರಗೆ ಬಂದಳು. ಗುಟ್ಟಾಗಿಯಾದರೂ ಒಂದೊಂದು ಪುಸ್ತಕ ಕೊಡಿಸಬಾರದೇ ಎಂದು ಕೇಳಿದರೆ ಅವನು ಕೈಮುಗಿದ. ಓದು ಬರುತ್ತದೆಂದು ತಿಳಿದರೆ ಗೌಡರ ಮೊಮ್ಮಗನಿಗೆ ಎಂಜಲು ಹೊದಿಸಿದ ಪಾಪಕ್ಕೆ ಇಬ್ಬರನ್ನೂ ಊರು ಬಿಡಿಸುತ್ತಾರೆ ಎಂದ.

“ಅಣ್ಣಾ, ಇದೊಂದರೆ ಹೇಳಿ ಹೋಗು. ಚಂಪಾವತಿ ಹಗ್ಗ ಕೊಯ್ದಾವ್ರು ಯಾರು?”

“ಯಾವ ಓಣಿ ಚಂಪಾವತಿ?” ಎಂದು ಹಂಪಣ್ಣ ಕಣ್ಣು ಬಿಟ್ಟ. “ನಾ ಪುಸ್ತಕ ಜ್ವಾಕಿ ಮಾಡಾಂವ, ತಾಯಿ. ಓದಾಂವ ಅಲ್ಲ.”

ಅವಳು ಒಳಗೆ ಬರುವಾಗ ಗಾಳೆಮ್ಮ ತನ್ನ ಬಸುರಿ ಸೊಸೆಯನ್ನೂ ಒಂದು ಹೊರೆ ಹಳೆಯ ಸೀರೆಗಳನ್ನೂ ಕರೆತಂದು ಕೂರಿಸಿದ್ದಳು. ಮುದುಕಮ್ಮ ಪೆಟ್ಟಿಗೆಗೆ ಕೈ ಹಾಕಿ, ದಪ್ಪನೆಯದೊಂದನ್ನು ಹೊರತೆಗೆದು, ಕುಂಬಳಕಾಯಿ ತೂಗುವಂತೆ ಅಂಗೈಯಲ್ಲಿ ತೂಗಿದಳು.

“ಇದು ಗಟ್ಟಿ ಐತಿ. ಕೂಸಿಗೆ ದಿಂಬೂ ಆಕ್ಕೈತಿ, ವಿದ್ಯಾನೂ ಬರ್ತೈತಿ. ಮೊದಲ ಇದನ್ನ ಹೊಲಿ.”

ಪುಸ್ತಕ ತಲೆಕೆಳಗಾಗಿತ್ತು. ಪಂಪಮ್ಮ ಸೂಜಿಗೆ ದಾರ ಪೋಣಿಸುವವಳಂತೆ ಬಗ್ಗಿ, ಹೆಸರಿನ ಮೊದಲ ಎರಡಕ್ಷರ ಓದಿಕೊಂಡಳು. ಮೂರನೆಯದರ ಮೇಲೆ ಅತ್ತೆ ಸೀರೆ ಎಳೆದಳು.