ಗಾದಿಲಿಂಗಪ್ಪನ ಮಣ್ಣಿನಂಗಡಿ

ಗಾದಿಲಿಂಗಪ್ಪನಿಗೆ ಕೇಡು ಬಂದದ್ದು ಒಂದು ಗೀಟಿನಿಂದ. ಅದೂ ಹುಣಸೆಬೀಜದಷ್ಟು ಉದ್ದವಿಲ್ಲದ, ಸುಣ್ಣದ ಗೀಟು.

ಗಾದಿಲಿಂಗಪ್ಪ ಕಮಲಾಪುರದವನು. ಕಮಲಾಪುರಕ್ಕೂ ಗಂಗಾವತಿಗೂ ನಡುವೆ ತುಂಗಭದ್ರೆಯೊಂದು ಅಡ್ಡ. ಆದರೆ ಆಗ ಹೊಳೆಯ ಆ ದಂಡೆಯ ಕಮಲಾಪುರ ಇಂಗ್ಲಿಷರದು, ಈ ದಂಡೆಯ ಗಂಗಾವತಿ ನಿಜಾಮರದು. ಹರಿಗೋಲಿನಿಂದ ಈಚೆಗೆ ಕಾಲಿಟ್ಟರೆ ನಾಣ್ಯ ಬೇರೆ, ಕಾಯ್ದೆ ಬೇರೆ, ಕಚೇರಿಯ ಭಾಷೆಯೂ ಬೇರೆ. ಆ ಕಡೆ ಬರಿಯ ಹೂಗಾರನಾಗಿದ್ದವನು ಈ ಕಡೆ ಬಂದದ್ದೇ 'ಗೈರಮುಲ್ಕಿ' ಆಗಿಬಿಟ್ಟ. ಅಂದರೆ ಪಕ್ಕಾ ಪರದೇಶಿ.

ಕಮಲಾಪುರದಲ್ಲಿ ಹೂ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು. ಗಂಗಾವತಿ ಬಜಾರದಲ್ಲಿ ಒಂದೂ ಹೂವಿನಂಗಡಿ ಇಲ್ಲವೆಂದು ಯಾರೋ ಹೇಳಿದ್ದೇ ತಡ, ಗಾದಿಲಿಂಗಪ್ಪ ಮನೆಯಲ್ಲಿದ್ದ ಮೇಕೆಗಳನ್ನು ಮಾರಿ ಅಲ್ಲೊಂದು ಗೂಡಂಗಡಿ ಹಿಡಿದ. "ಪರದೇಶದಾಗ ನಿನ್ನ ಹೂವ ಯಾರು ಮೂಸ್ತಾರೋ?" ಎಂದು ಮಾವ ನಕ್ಕಿದ್ದ. "ಮಿರಗದ ಮಳಿ ಬೀಳೂದ್ರಾಗ ನಿಮ್ಮ ಮಗಳನ್ನ ಕರಸ್ಕೋತೀನಿ ನೋಡ್ರಿ" ಎಂದು ಇವನು ಎದೆ ತಟ್ಟಿ ಬಂದಿದ್ದ.

ಬೋರ್ಡು ಉರ್ದುವಿನಲ್ಲಿದ್ದರೆ ಕಚೇರಿ ಮಂದಿಯೂ ಗಿರಾಕಿಗಳಾಗುತ್ತಾರೆಂದು, ಊರಲ್ಲಿ ಬೋರ್ಡು ಬರೆಯುವ ಜಿಲಾನಸಾಬನಿಂದ ಬರೆಸಿದ. ಜಿಲಾನಸಾಬ ಮುತ್ತು ಪೋಣಿಸಿದಂತೆ 'ಗುಲ್ ಕಿ ದುಕಾನ್' ಎಂದು ಬರೆದುಕೊಟ್ಟು ಹೋದ. ಗುಲ್ ಎಂದರೆ ಹೂ. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು.

ಆದರೆ ಅಂಗಡಿ ತೆರೆಯುವ ದಿನ ಬೆಳಿಗ್ಗೆ ಎದುರಿನ ಬಟ್ಟೆ ಅಂಗಡಿಯ ದೇವೇಂದ್ರಪ್ಪ ಬಂದು ಬೋರ್ಡಿನ ಮುಂದೆ ಟೊಂಕದ ಮೇಲೆ ಕೈಯಿಟ್ಟು ನಿಂತ. ದೇವೇಂದ್ರಪ್ಪ ಹಿಂದೊಮ್ಮೆ ಒಂದು ಮಳೆಗಾಲವಿಡೀ ಉರ್ದು ಸಾಲೆಗೆ ಹೋಗಿದ್ದ, ಮಳೆ ನಿಂತ ಮೇಲೆ ಬಿಟ್ಟಿದ್ದ.

"ಯಾಕೋ ಅಕ್ಷರದ ಕೆಳಗ ಬೋಳು ಬೋಳು ಕಾಣತೈತಿ. ಉರ್ದುದಾಗ ಕೆಳಗೊಂದು ಗೀಟು ಇರಬೇಕಪಾ," ಎಂದು, ವೀಳ್ಯಕ್ಕೆ ಸವರುತ್ತಿದ್ದ ಸುಣ್ಣದ ಬೆರಳಿನಿಂದಲೇ ಒಂದು ಗೀಟು ಎಳೆದ. "ಈಗ ನೋಡು, ಕಳಾ ಬಂತು!"

"ದೊಡ್ಡ ಉಪಕಾರಾತ್ರಿ ಸಾವಕಾರ್ರ," ಎಂದು ಗಾದಿಲಿಂಗಪ್ಪ ಅವನಿಗೆ ಕೈಮುಗಿದು, ಕಿವಿಗೊಂದು ಮಲ್ಲಿಗೆ ಸಿಗಿಸಿ ಕಳಿಸಿದ.

ಮೊದಲು ಬೋರ್ಡು ಓದಿದವನು ಕಚೇರಿಯ ಜವಾನ ಯಮನೂರಪ್ಪ. ಆ ಗೀಟು ಬಿದ್ದರೆ ಗುಲ್ ಹೋಗಿ ಗಿಲ್ ಆಗುತ್ತದೆ. ಗಿಲ್ ಎಂದರೆ ಮಣ್ಣು.

"ಮಣ್ಣಿನಂಗಡಿ!" ಎಂದು ಅವನು ನಡುಬಜಾರದಲ್ಲಿ ಕೂಗಿದ. "ಎಲಾ ಇವನ, ಮಣ್ಣಿಗೂ ಅಂಗಡಿ ಬಂತಲ್ರೋ!"

ಬೇರೆ ತಿಂಗಳಾಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಇದು ಮಿರಗದ, ಅಂದರೆ ಮೃಗಶಿರಾ ಮಳೆಯ ಹೊಸ್ತಿಲು. ಮಳೆ ಬರುವುದರೊಳಗೆ ಮನೆಮನೆಯ ಮಣ್ಣಿನ ಮಾಳಿಗೆಗೂ ಸೋರದಂತೆ ಹೊಸ ಮಣ್ಣು ಬೀಳಬೇಕು. ಕೆರೆಯಿಂದ ಹೊತ್ತು ಹೊತ್ತು ಸೊಂಟ ಕಳೆದುಕೊಂಡಿದ್ದ ಊರಿಗೆ, ಬಜಾರದಲ್ಲೇ ಮಣ್ಣು ಸಿಗುತ್ತದೆ ಎಂಬ ಸುದ್ದಿ ಬೆಲ್ಲಕ್ಕೆ ಇರುವೆ ಕರೆದಂತಾಯಿತು. ಅರೆಗಳಿಗೆಯಲ್ಲಿ ಗೂಡಂಗಡಿಯ ಮುಂದೆ ಖಾಲಿ ಬುಟ್ಟಿ ಹಿಡಿದ ಜಾತ್ರೆ ನೆರೆಯಿತು.

"ಮಾಳಿಗಿಗಿ ಹಾಕೂ ಕರಲ ಮಣ್ಣೈತೇನೋ ತಮ್ಮಾ?" ಎಂದಳು ಮುದುಕಿ ಸಣ್ಣವ್ವ.

"ಮಣ್ಣಿಲ್ಲಬೇ ಯವ್ವಾ, ಹೂವಿನಂಗಡಿ ಇದು. ಕಾಣವಲ್ದೇನು? ಮಲ್ಲಿಗಿ, ಸೇವಂತಿಗಿ..."

"ಹೂ ಇರ್ಲಿ, ಚಂದ ಕಾಣ್ಲೆಂತ ಇಟ್ಟಿದ್ದೀ. ಮಣ್ಣ ತೆಗಿ."

"ಇಲ್ಲಬೇ!"

"ಬೋರ್ಡಿನ್ಯಾಗ ಬರದೈತಿ, ನಿನ್ನ ಮಾತ ನಂಬಲೋ ಬೋರ್ಡ ನಂಬಲೋ? ಬಡವರಿಗಿ ಇಲ್ಲಂತಾನ ನೋಡ್ರಿ, ಶ್ರೀಮಂತರಿಗಿ ಮುಚ್ಚಿಟ್ಟಾನ!"

ಪಕ್ಕದಲ್ಲಿ ಚುರುಮರಿ ಮಾರುವ ಕಳಕಮ್ಮನಿಗೆ ಇವನನ್ನು ನೋಡಿ ಕನಿಕರ ಬಂತು. "ಎಲ್ಲಾರೂ ಸರೀರಿ, ಪರದೇಶಿ ಮಗ ಐತಿ, ಉಸರಾಡ್ಲಿ," ಎಂದು ಅವಳು ಜನರನ್ನು ಹಿಂದಕ್ಕೆ ತಳ್ಳಿದಳು. ಪರದೇಶಿ ಎಂಬ ಮಾತು ಕೇಳಿದ್ದೇ ಯಮನೂರಪ್ಪನ ಕಿವಿ ಮೊಲದ ಕಿವಿಯಂತೆ ನೆಟ್ಟಗಾಯಿತು. ಗೈರಮುಲ್ಕಿಯೊಬ್ಬ ಬಂದು ಸರಕಾರದ ಮಣ್ಣು ಅಗೆದು ಮಾರುತ್ತಾನೆಂದರೇನು? ಮಣ್ಣು ಹೋದರೆ ರಾಜ್ಯದಲ್ಲಿ ಉಳಿಯುವುದಾದರೂ ಏನು?

"ನಡಿ ಕಚೇರಿಗಿ!" ಎಂದು ಅವನು ಗಾದಿಲಿಂಗಪ್ಪನ ರಟ್ಟೆ ಹಿಡಿದ.

ಸಾಕ್ಷಿಗಿರಲೆಂದು ಗಾದಿಲಿಂಗಪ್ಪ ಒಂದು ಬುಟ್ಟಿ ಮಲ್ಲಿಗೆ ತಲೆಯ ಮೇಲೆ ಹೊತ್ತ. ಹಿಂದೆ ದೇವೇಂದ್ರಪ್ಪ, ಅವನ ಹಿಂದೆ ಕಳಕಮ್ಮ, ಅವಳ ಹಿಂದೆ ಬುಟ್ಟಿಗಳ ಮೆರವಣಿಗೆ.

ಕಚೇರಿಯಲ್ಲಿ ಕಂದಾಯದ ಗಿರದಾವರ ಸಾಹೇಬರು ಮಾಳಿಗೆ ಸೋರುವ ಜಾಗ ತಪ್ಪಿಸಿ ಕುರ್ಚಿಯನ್ನು ಮೂಲೆಗೆ ಎಳೆದುಕೊಂಡು ಕೂತಿದ್ದರು. "ಕ್ಯಾ ರೇ, ಸರಕಾರದ ಮಿಟ್ಟಿ ಮಾರ್ತೀ? ಯಾರು ಇಜಾಜತ್ ಕೊಟ್ರು?"

"ಮಿಟ್ಟಿ ಅಲ್ರಿ ನನ್ನೊಡೆಯ, ಹೂ! ಮೂಸಿ ನೋಡ್ರಿ!"

ಸಾಹೇಬರು ಬುಟ್ಟಿಗೆ ಮೂಗಿಟ್ಟು ಬಹಳ ಹೊತ್ತು ಮೂಸಿದರು. ಅವರ ಮುಖ ಅರಳಿತು. ಗಾದಿಲಿಂಗಪ್ಪನ ಮುಖ ಅದಕ್ಕಿಂತ ಹೆಚ್ಚು ಅರಳಿತು.

"ವಾಹ್! ಎಲ್ಲಿ ಮಲ್ಲಿಗಿ ಇದು?"

"ಕಮಲಾಪುರದ್ದು ರೀ!" ಎಂದ ಗಾದಿಲಿಂಗಪ್ಪ ಹೆಮ್ಮೆಯಿಂದ.

ಸಾಹೇಬರ ಮುಖ ಮುಚ್ಚಿಕೊಂಡಿತು. "ಹೊಳಿ ಆಚಿಂದು? ಇಂಗ್ಲಿಷ್ ಮುಲ್ಕಿನ ಮಾಲು? ಸುಂಕ ಕಟ್ಟಿದ್ದಿ?"

ಹೊಳೆ ದಾಟಿ ಬಂದಾಗ ಸುಂಕದ ನಾಕೆಯವನು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ, ಮಾತಾಡಲಾಗದೆ ಹೋಗು ಎಂದು ಕೈಬೀಸಿದ್ದ. ಅದನ್ನು ಇಲ್ಲಿ ಹೇಳುವುದು ಹೇಗೆ?

"ಕಳ್ಳ ಮಾಲು! ಮಾಲು ಜಪ್ತಿ, ಮನುಷ್ಯಾನ್ನ ಹೊಳಿ ದಾಟಿಸ್ರಿ!"

ಮಾವನ ನಗೆ ಗಾದಿಲಿಂಗಪ್ಪನ ಕಿವಿಯಲ್ಲಿ ಈಗಲೇ ಕೇಳಿಸತೊಡಗಿತು. ಅಷ್ಟರಲ್ಲಿ ದೇವೇಂದ್ರಪ್ಪ ಕಿವಿಯ ಬಳಿ ಬಂದು ಉಸುರಿದ: "ಏ ಹುಚ್ಚಾ, ಮಣ್ಣಂತ ಹೇಳು! ಮಣ್ಣು ಇಲ್ಲಿದು, ಅದಕ್ಕ ಸುಂಕಿಲ್ಲ!"

ಮುಳುಗುವವನಿಗೆ ಜೊಂಡೂ ಹರಿಗೋಲು. ಗಾದಿಲಿಂಗಪ್ಪ ದೊಪ್ಪನೆ ಅಡ್ಡಬಿದ್ದ. "ತಪ್ಪಾತ್ರಿ ನನ್ನೊಡೆಯ! ಗಾಬರಿಗಿ ಸುಳ್ಳಂದೆ. ನಾ ಹುಟ್ಟಾ ಮಣ್ಣಿನಾಂವ! ನಮ್ಮಪ್ಪ ಮಣ್ಣು, ನಮ್ಮಜ್ಜ ಮಣ್ಣು! ನನ್ನಂಗಡಿದಾಗ ನಂದಂತ ಒಂದು ಹೂವಿನ ಎಸಳೂ ಇಲ್ಲ, ಹೆತ್ತ ತಾಯಾಣಿ!"

"ಹಂಗಾರ ಈ ಬುಟ್ಟಿ ಯಾರದು?" ಎಂದರು ಸಾಹೇಬರು. " ಅಂಗಡಿದಾಗ ಇನ್ನೂ ಅದಾವಂತಲ್ಲ?"

ಆಗ ಕಳಕಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಎಲ್ಲಾ ನನ್ನವ ರೀ ಸಾಹೇಬ್ರ. ನಮ್ಮ ಹಿತ್ತಲ ಹೂ. ಚುರುಮರಿ ಚೀಲಕ್ಕ ಜಾಗ ಸಾಲದಂತ ಇವನ ಅಂಗಡಿದಾಗ ಇಟ್ಟಿದ್ದೆ."

ಗಾದಿಲಿಂಗಪ್ಪನ ಕಣ್ಣಲ್ಲಿ ನೀರಾಡಿತು. ಪರದೇಶದಲ್ಲೂ ಹೆತ್ತವ್ವನಂಥವರು ಸಿಗುತ್ತಾರಲ್ಲ ಎನ್ನಿಸಿ, ಅಲ್ಲೇ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಸಾಹೇಬರು ತಲೆಯೆತ್ತಿ ಸೋರುವ ಮಾಳಿಗೆ ನೋಡಿದರು. ಮಣ್ಣಿನ ವ್ಯಾಪಾರಿಯನ್ನು ನೋಡಿದರು. ಮತ್ತೆ ಮಾಳಿಗೆ ನೋಡಿದರು. "ಠೀಕ್. ಸಂಜಿ ಒಳಗ ಕಚೇರಿ ಮಾಳಿಗಿಗಿ ಮಣ್ಣ ಹಾಕಿ ತುಳಿ. ಆಮ್ಯಾಲೆ ಈ ಊರಾಗ ಖುಷಿಯಿಂದ ಮಣ್ಣ ಮಾರ್ಕೊ. ಇಜಾಜತ್!"

ಮಧ್ಯಾಹ್ನದ ಬಿಸಿಲಿಗೆ ಗಾದಿಲಿಂಗಪ್ಪ ಅಗಸರ ಕತ್ತೆಗಳನ್ನು ಕಾಡಿ ಬೇಡಿ ತಂದು, ಕೆರೆಯಿಂದ ಮಣ್ಣು ಹೇರಿ, ಏಣಿ ಹತ್ತಿ ಇಳಿದು, ಮಾಳಿಗೆಯ ಮೇಲೆ ಥಕಥೈ ಕುಣಿದು ತುಳಿದ. ಜೀವಮಾನವೆಲ್ಲ ಮೊಗ್ಗು ಹಿಡಿದ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಕೆಳಗೆ ನಿಂತ ದೇವೇಂದ್ರಪ್ಪ ಕೊಡೆ ಹಿಡಿದುಕೊಂಡು, "ಆ ಮೂಲೀಗಿ ಹಾಕೋ! ಈ ಮೂಲೀಗಿ ತುಳಿಯೋ!" ಎಂದು ಸಹಾಯ ಮಾಡಿದ. ಬುಟ್ಟಿಯವರು ಸಾಲಾಗಿ ಕೂತು, ನಾಳೆ ಯಾರ ಮಾಳಿಗೆ ಮೊದಲು ಎಂದು ಜಗಳಾಡಿದರು.

ಹೊತ್ತು ಇಳಿಯುವಾಗ ಗಾದಿಲಿಂಗಪ್ಪ ಕೆಳಗಿಳಿದ. ಹುಬ್ಬಿನವರೆಗೂ ಮಣ್ಣು. ಆದರೂ ಮನಸ್ಸು ಹಗುರ. ಊರಲ್ಲಿ ಉಳಿದೆನಲ್ಲ! ನೀರು ಚಿಮುಕಿಸಿದರೆ ಹೂ ಇನ್ನೂ ನಳನಳಿಸುತ್ತವೆ. ಸಂಜೆಯ ವ್ಯಾಪಾರವಾದರೂ ಆದೀತು.

ಅಂಗಡಿಗೆ ಬಂದು ನೋಡಿದರೆ ಬುಟ್ಟಿಗಳೆಲ್ಲ ಖಾಲಿ. ಬಜಾರದಲ್ಲಿ ಹೋಗುವ ಹೆಂಗಸರ ಮುಡಿಯಲ್ಲೆಲ್ಲ ಕಮಲಾಪುರದ ಮಲ್ಲಿಗೆ. ಕಳಕಮ್ಮ ಚುರುಮರಿ ಚೀಲಕ್ಕೆ ಒರಗಿ, ಕೊನೆಯ ಮಾಲೆಯನ್ನು ತನ್ನ ತುರುಬಿಗೇ ಸುತ್ತಿಕೊಳ್ಳುತ್ತಿದ್ದಳು.

"ಯವ್ವಾ, ಎಲ್ಲಾ ಮಾರಿದೇನು! ನೀ ನನ್ನ ಪಾಲಿನ ದೇವರಬೇ!" ಎಂದು ಗಾದಿಲಿಂಗಪ್ಪ ಮಣ್ಣಿನ ಕೈಗಳನ್ನು ಚಾಚಿದ. "ಎಲ್ಲಿ, ನನ್ನ ಹೂವಿನ ರೊಕ್ಕ ಕೊಡು."

ಕಳಕಮ್ಮ ಹೌಹಾರಿ ಅವನನ್ನು ನೋಡಿದಳು.

"ನಿನ್ನ ಹೂವ? ಹೆತ್ತ ತಾಯಿ ಮ್ಯಾಲೆ ಆಣಿ ಮಾಡಿದ್ಯಲ್ಲೋ, ಇಡೀ ಕಚೇರಿ ಕೇಳೈತಿ. ಆಣಿ ಮುರದ್ರ ಆ ಮುದುಕಿ ಗತಿ ಏನಾದೀತು, ಎಪ್ಪಾ?"

ಆಮೇಲೆ ಅವಳಿಗೆ ಮತ್ತೆ ಕನಿಕರ ಬಂತು. ಬಗ್ಗಿ, ಅವನ ಅಂಗಡಿಯ ನೆಲವನ್ನು ಕೈಯಿಂದ ಸವರಿ ತೋರಿಸಿದಳು.

"ಮಂದಿ ಸ್ವತ್ತಿಗಿ ಆಸೆ ಪಡೂ ಹೆಂಗಸಲ್ಲ ನಾ. ನೋಡ್ಕೋ, ನಿನ್ನ ಮಣ್ಣ ನಿಂತಲ್ಲೇ ಐತಿ. ಒಂದು ಚಿಟಿಕಿ ಮುಟ್ಟಿಲ್ಲ."